ಹಳಿ ಹೋಯಿತು, ದಾರಿ ಉಳಿಯಿತು

ಮನೆಯ ಹಿತ್ತಲ ಬೇಲಿ ದಾಟಿದರೆ ಬೇರೆ ದೇಶ. ಇನ್ನು ಹತ್ತಿಪ್ಪತ್ತು ಹೆಜ್ಜೆ ಇಟ್ಟರೆ ಮತ್ತೆ ಸ್ವಂತ ದೇಶ. ಜತ್, ಅಕ್ಕಲಕೋಟ ಕಡೆಯ ಓದುಗರಿಗೆ ಊರ ಪಕ್ಕದ ಗಡಿ ಹೊಸದೇನಲ್ಲ. ಹೊಲ ಒಂದು ರಾಜ್ಯದಲ್ಲಿ, ಬೀಗರ ಮನೆ ಇನ್ನೊಂದು ರಾಜ್ಯದಲ್ಲಿ ಇರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಜರ್ಮನಿಯ ರೋಟ್ಗೆನ್ ಊರಿನವರ ಹಿತ್ತಲಿಗೆ ತಾಗಿಕೊಂಡಿರುವುದು ಬೆಲ್ಜಿಯಂ ದೇಶ. ಅದೂ ಎಷ್ಟಗಲ? ಒಂದು ರೈಲು ಹಾದಿಯಷ್ಟು ಅಗಲ ಮಾತ್ರ. ಆ ಹಾದಿಯಲ್ಲಿ ಈಗ ರೈಲು ಇಲ್ಲ. ಸೈಕಲ್‌ಗಳು ಓಡಾಡುತ್ತವೆ.

ಈ ದಾರಿಯ ಹೆಸರು ಫೆನ್‌ಬಾನ್. ಜರ್ಮನಿಯ ಆಖೆನ್ ನಗರದಿಂದ ಹೊರಟು, ಬೆಲ್ಜಿಯಂ ನೆಲದಲ್ಲಿ ಹಾದು, ಲಕ್ಸೆಂಬರ್ಗ್ ದೇಶದ ಉತ್ತರ ತುದಿಯ ತ್ರ್ವಾವಿಯೆರ್ಜ್ ಎಂಬ ಊರು ಮುಟ್ಟುತ್ತದೆ. ಒಟ್ಟು 125 ಕಿ.ಮೀ. ಐಫೆಲ್ ಬೆಟ್ಟಸಾಲು, ಹೋಹೆಸ್ ಫೆನ್ ಎಂಬ ಜೌಗು ಪ್ರಸ್ಥಭೂಮಿ, ಆರ್ಡೆನ್ ಕಾಡು ಇವುಗಳ ನಡುವೆ ಸಾಗುವ ಈ ದಾರಿ 2013ರಲ್ಲಿ ಪೂರ್ಣಗೊಂಡಿತು. ರಸ್ತೆಗಳನ್ನು ಅಡ್ಡ ದಾಟುವ ಕಡೆ ಮತ್ತು ಕೆಲವು ಸಣ್ಣ ತುಂಡುಗಳನ್ನು ಬಿಟ್ಟರೆ ಮೋಟಾರು ವಾಹನದ ಕಾಟ ಇಲ್ಲ. ಬೆಟ್ಟದ ಸೀಮೆ ಎಂದರೆ ಏದುಸಿರು ಬಿಡುತ್ತ ಪೆಡಲ್ ತುಳಿಯಬೇಕು ಅಂತ ಯಾರಾದರೂ ಅಂದುಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಕಲ್ಲಿದ್ದಲು ಹೊತ್ತ ಉಗಿಬಂಡಿ ಏರಬೇಕಿದ್ದ ಹಾದಿ ಇದು. ಕಡಿದಾದ ಏರು ರೈಲಿಗೆ ಆಗದು. ಹೀಗಾಗಿ ಅಂದಿನ ಎಂಜಿನಿಯರುಗಳು ದಿಣ್ಣೆ ಕಡಿದು, ತಗ್ಗಿಗೆ ಮಣ್ಣು ತುಂಬಿ, ಬೆಟ್ಟ ಬಳಸಿಕೊಂಡು ಹೋದರು. ಏರು ಬಹುತೇಕ ನೂರು ಮೀಟರಿಗೆ ಎರಡು ಮೀಟರು ಮೀರುವುದಿಲ್ಲ. ಅಜ್ಜ-ಅಜ್ಜಿಯರೂ ಮಕ್ಕಳನ್ನು ಕೂಡಿಸಿಕೊಂಡು ಆರಾಮಾಗಿ ಹೋಗಬಹುದು.

ಇದಿಷ್ಟೇ ಆಗಿದ್ದರೆ ಇದು ಪ್ರವಾಸದ ಪುಟದ ಸುದ್ದಿ. ಗಡಿನಾಡಿನವರು ಓದಬೇಕಾದ್ದು ಆ ದಾರಿಯ ಹಿಂದಿನ ಕಥೆ.

ಆಖೆನ್ ಸುತ್ತಲಿನ ಕಲ್ಲಿದ್ದಲು ದಕ್ಷಿಣಕ್ಕೆ, ಲಕ್ಸೆಂಬರ್ಗ್ ಕಡೆಯ ಕಬ್ಬಿಣದ ಅದಿರು ಉತ್ತರಕ್ಕೆ ಸಾಗಬೇಕು ಅಂತ ಪ್ರಷ್ಯ ಸರ್ಕಾರ ಈ ರೈಲು ಹಾಕಿಸಿತು. ಮೊದಲ ಭಾಗ 1885ರಲ್ಲಿ ಶುರುವಾಯಿತು, 1889ರ ಹೊತ್ತಿಗೆ ಲಕ್ಸೆಂಬರ್ಗ್ ಮುಟ್ಟಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತಿತು. ವರ್ಸೇಲ್ಸ್ ಒಪ್ಪಂದದಂತೆ 1920ರಲ್ಲಿ ಓಯ್ಪೆನ್ ಮತ್ತು ಮಾಲ್ಮೆದಿ ಪ್ರದೇಶ ಬೆಲ್ಜಿಯಂ ಪಾಲಾಯಿತು. ಜನರ ಅಭಿಪ್ರಾಯ ಕೇಳಿದ ಶಾಸ್ತ್ರವೂ ನಡೆಯಿತು. ವಿರೋಧ ಇದ್ದವರು ಸರ್ಕಾರಿ ರಿಜಿಸ್ಟರಿನಲ್ಲಿ ಎಲ್ಲರೆದುರು ಹೆಸರು ಬರೆಸಬೇಕಿತ್ತು. ಗುಪ್ತ ಮತದಾನ ಇರಲಿಲ್ಲ. 33 ಸಾವಿರಕ್ಕೂ ಹೆಚ್ಚು ಮತದಾರರಲ್ಲಿ ಹಾಗೆ ಸಹಿ ಹಾಕಿದವರು 271 ಮಂದಿ! ಅಧಿಕಾರಿಯ ಮುಂದೆ ನಿಂತು ತಕರಾರು ಬರೆಸುವುದು ಎಷ್ಟು ಕಷ್ಟ ಅಂತ ಗಡಿಯ ಜನಕ್ಕೆ ಬೇರೆ ಹೇಳಬೇಕಿಲ್ಲ.

ಓಯ್ಪೆನ್ ಮತ್ತು ಮಾಲ್ಮೆದಿ ಎರಡೂ ಬೆಲ್ಜಿಯಂಗೆ ಬಂದವು, ಸರಿ. ಆದರೆ ಅವೆರಡನ್ನೂ ಜೋಡಿಸುವ ರೈಲು ನಡುನಡುವೆ ಜರ್ಮನಿಯ ನೆಲದಲ್ಲಿ ಓಡುತ್ತಿತ್ತು. ರೈಲು ಬೇಕೇ ಬೇಕು ಅಂತ ಬೆಲ್ಜಿಯಂ ಪಟ್ಟು ಹಿಡಿಯಿತು. ಗಡಿ ಆಯೋಗ ಹಳಿ ಮತ್ತು ಸ್ಟೇಷನ್‌ಗಳಷ್ಟನ್ನೇ ಕತ್ತರಿಸಿ ಬೆಲ್ಜಿಯಂಗೆ ಕೊಟ್ಟಿತು. ಪರಿಣಾಮ ವಿಚಿತ್ರವಾಗಿತ್ತು. ಹಳಿಯ ಪಶ್ಚಿಮಕ್ಕೆ ಉಳಿದ ಜರ್ಮನಿಯ ತುಂಡುಗಳು ಸುತ್ತಲೂ ಬೆಲ್ಜಿಯಂನಿಂದ ಆವೃತವಾದ ನಡುಗಡ್ಡೆಗಳಾದವು. ಇಂಥವು ಈಗಲೂ ಐದು ಇವೆ. ಮುಟ್ಸೆನಿಶ್ ಒಂದು ಪೂರ್ತಿ ಹಳ್ಳಿ. ರ್ಯೂಕ್‌ಶ್ಲಾಗ್ ಅಂದರೆ ಒಂದೇ ಮನೆ ಮತ್ತು ಅದರ ಸುತ್ತಲಿನ ನೆಲ. ಒಂದು ಮನೆಗಾಗಿ ಒಂದು ಅಂತರರಾಷ್ಟ್ರೀಯ ಗಡಿ! ದೆಹಲಿ, ಮುಂಬೈ, ಬೆಂಗಳೂರಿನಲ್ಲಿ ಕೂತು ನಕ್ಷೆಯ ಮೇಲೆ ಗೆರೆ ಎಳೆಯುವವರಷ್ಟೇ ಇಂಥ ಕೆಲಸ ಮಾಡುತ್ತಾರೆ ಅಂತ ನಮ್ಮವರು ತಿಳಿದಿದ್ದರೆ ಅದು ತಪ್ಪು.

ಮುಂದೆ 1940ರಲ್ಲಿ ಹಿಟ್ಲರ್ ಈ ಪ್ರದೇಶವನ್ನು ಮತ್ತೆ ಜರ್ಮನಿಗೆ ಸೇರಿಸಿಕೊಂಡ. ಯುದ್ಧದ ಕೊನೆಗೆ ಸೇತುವೆಗಳು ಮುರಿದವು, ಸಾಂಕ್ಟ್ ಫೀಟ್ ಪಟ್ಟಣ ಬಾಂಬಿಗೆ ನೆಲಸಮವಾಯಿತು, ಪ್ರದೇಶ ಪುನಃ ಬೆಲ್ಜಿಯಂಗೆ ಹೋಯಿತು. ನಂತರ ಬಂದದ್ದು ಕಾಫಿ ಕಳ್ಳಸಾಗಣೆಯ ಕಾಲ. ಪಶ್ಚಿಮ ಜರ್ಮನಿಯಲ್ಲಿ ಕಾಫಿಗೆ ಭಾರೀ ತೆರಿಗೆ, ಬೆಲ್ಜಿಯಂನಲ್ಲಿ ಅಗ್ಗ. ರಾತ್ರಿ ಹೊತ್ತು ಕಾಡಿನೊಳಗಿಂದ ಬೀಜದ ಮೂಟೆ ಹೊತ್ತು ತರುವವರಲ್ಲಿ ಹೆಂಗಸರು, ಹುಡುಗರು ಸಹ ಇದ್ದರು. ಆಖೆನ್ ಸುತ್ತಲ ಗಡಿಯಲ್ಲಿ ಕಾವಲಿನವರ ಗುಂಡಿಗೆ ಬಲಿಯಾದವರೂ ಇದ್ದಾರೆ. 1953ರಲ್ಲಿ ಜರ್ಮನಿ ತೆರಿಗೆ ಇಳಿಸಿದ ಮೇಲೆ ಈ ಹಾವಳಿ ತಗ್ಗಿತು. ಕಾವಲು ಹೆಚ್ಚಿಸಿದಾಗ ನಿಲ್ಲದ್ದು ತೆರಿಗೆ ಇಳಿಸಿದಾಗ ನಿಂತಿತು ಎಂಬುದು ಗಮನಾರ್ಹ.

ರೈಲು ಮಾತ್ರ ಚೇತರಿಸಿಕೊಳ್ಳಲಿಲ್ಲ. ನಮ್ಮ ಕಡೆಯ ಹಿರಿಯರಿಗೆ ಬಾರ್ಶಿ ಲೈಟ್ ಗಾಡಿ ನೆನಪಿದೆ. 1897ರಲ್ಲಿ ಶುರುವಾದ ಆ ಪುಟ್ಟ ಲೈನ್ ಕೊನೆಗೆ ಬ್ರಾಡ್‌ಗೇಜ್ ಆಗಿ ಬದುಕಿತು. ಫೆನ್‌ಬಾನ್‌ಗೆ ಆ ಭಾಗ್ಯ ಬರಲಿಲ್ಲ. ಗಣಿಗಳು ಮುಚ್ಚಿದವು, ಸರಕು ಕಡಿಮೆಯಾಯಿತು, ರಸ್ತೆ ಸಾರಿಗೆ ಬೆಳೆಯಿತು. ಪ್ರವಾಸಿಗರಿಗಾಗಿ 1990ರಿಂದ ಓಡಿಸಿದ ಉಗಿಬಂಡಿಯೂ 2001ಕ್ಕೆ ನಿಂತಿತು. ಬಹುಭಾಗ ಹಳಿ ಕಿತ್ತಾಗ ಎದ್ದ ಪ್ರಶ್ನೆ ಇದು: ರೈಲಿಗಾಗಿ ಕೊಟ್ಟ ನೆಲ, ರೈಲೇ ಇಲ್ಲದ ಮೇಲೆ ಯಾರದ್ದು? ಜರ್ಮನಿಗೆ ವಾಪಸ್ ಹೋಗುತ್ತದೆ ಅಂತ 2008ರ ಸುಮಾರಿಗೆ ಪತ್ರಿಕೆಗಳಲ್ಲಿ ಚರ್ಚೆ ಜೋರಾಯಿತು. ಗಡಿ ಇದ್ದಲ್ಲೇ ಇರುತ್ತದೆ ಎಂದು ಎರಡೂ ಸರ್ಕಾರಗಳು ಸ್ಪಷ್ಟಪಡಿಸಿದವು. ಅಷ್ಟಕ್ಕೇ ಸುಮ್ಮನಾಗಲಿಲ್ಲ, ಕೂಡಿ ದಾರಿ ಮಾಡಿದರು.

ದಾರಿ ಮಾಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಮೂರು ದೇಶ, ಬೇರೆ ಬೇರೆ ಭಾಷೆಯ ಊರುಗಳು, ಒಂದೊಂದು ಕಡೆ ಒಂದೊಂದು ಕಾನೂನು. ಬೆಲ್ಜಿಯಂನ ವಲೋನಿಯ ಪ್ರಾಂತ್ಯದಲ್ಲಿ ರಾವೆಲ್ ಎಂಬ ಯೋಜನೆ ಮೊದಲೇ ಇತ್ತು. ಕೈಬಿಟ್ಟ ರೈಲು ಹಾದಿಗಳನ್ನು ರೈಲ್ವೆಯಿಂದ 99 ವರ್ಷದ ಲೀಸಿಗೆ ಪಡೆದು, ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಬಿಟ್ಟುಕೊಡುವ ಯೋಜನೆ. ಇದರಲ್ಲಿ ಒಂದು ಜಾಣತನ ಇದೆ. ನೆಲ ಮಾರಾಟವಾಗಿ ತುಂಡು ತುಂಡಾಗಿ ಒತ್ತುವರಿಯಾದರೆ ಆ ಹಾದಿ ಮತ್ತೆಂದೂ ಕೂಡುವುದಿಲ್ಲ. ನಮ್ಮಲ್ಲಿ ಗಾಯರಾಣ ಮತ್ತು ಹಳೇ ಬಂಡಿದಾರಿಗಳಿಗೆ ಏನಾಗಿದೆ ಎಂಬುದನ್ನು ತಲಾಠಿ ಕಚೇರಿಗೆ ಅಲೆದವರು ಬಲ್ಲರು. ಅಲ್ಲಿ ನೆಲ ಸರ್ಕಾರದ ಕೈಯಲ್ಲೇ ಉಳಿಯಿತು, ಬಳಕೆ ಮಾತ್ರ ಜನರದ್ದಾಯಿತು. ಲಕ್ಸೆಂಬರ್ಗ್ ಗಡಿಯ ಹತ್ತಿರದ ಒಂದು ಸುರಂಗದಲ್ಲಿ ಬಾವಲಿಗಳು ನೆಲೆಸಿವೆ ಅಂತ ಅದನ್ನು ಅವಕ್ಕೇ ಬಿಟ್ಟಿದ್ದಾರೆ. ಸೈಕಲ್ಲಿನವರು ಸುತ್ತು ಹಾಕಿ ಹೋಗಬೇಕು. ಸೂರ್‌ಬ್ರೋಟ್ ಕಡೆ ಒಂದಿಷ್ಟು ಹಳಿ ಉಳಿಸಿಕೊಂಡು, ಅದರ ಮೇಲೆ ಪೆಡಲ್ ತುಳಿಯುವ ಟ್ರಾಲಿ ಓಡಿಸುತ್ತಾರೆ.

ಹಂಗಂತ ಇದನ್ನು ಕಣ್ಣು ಮುಚ್ಚಿ ನಕಲು ಮಾಡಬೇಕಿಲ್ಲ. ಜತ್‌ನ ಬರದ ಮಾಳದಲ್ಲಿ ಕಾಡು ಎಲ್ಲಿಂದ ಬರಬೇಕು! ವಯನಾಡಿನ ಕನ್ನಡಿಗರ ಕಡೆ ಕಾಡೇನೋ ಇದೆ. ಆದರೆ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಲ್ಲಿಸಿದ್ದು ಆನೆ, ಹುಲಿಗಳ ಸಲುವಾಗಿ. 2009ರಲ್ಲಿ ಜಾರಿಯಾದ ಈ ನಿರ್ಬಂಧವನ್ನು ಮುಂದಿಟ್ಟು, ವಾಹನ ಇಲ್ಲದ ಹೊತ್ತಲ್ಲಿ ಸೈಕಲ್ ಬಿಡಿ ಎಂದು ಯಾರಾದರೂ ಕೇಳಿದರೆ ಅದು ಹುಚ್ಚುತನ. ಐಫೆಲ್ ಕಾಡಿನಲ್ಲಿ ಎದುರಾಗುವುದು ಬಹುತೇಕ ಜಿಂಕೆ, ಕಾಡುಹಂದಿ.

ನಕಲು ಮಾಡಬೇಕಾದ್ದು ಬೇರೆ ಇದೆ. ಬೆಲ್ಜಿಯಂನ ಜರ್ಮನ್ ಭಾಷಿಕರು ಇವತ್ತಿಗೂ 80 ಸಾವಿರದ ಒಳಗೇ ಇದ್ದಾರೆ. ಒಂಬತ್ತು ಪುರಸಭೆ-ಪಂಚಾಯಿತಿಗಳ ಆ ಸಣ್ಣ ಸಮುದಾಯಕ್ಕೆ ಓಯ್ಪೆನ್‌ನಲ್ಲಿ ಸ್ವಂತ ಶಾಸನಸಭೆ ಇದೆ, ಶಾಲೆಗಳ ಆಡಳಿತ ಅವರದ್ದೇ, ಅವರ ಭಾಷೆ ದೇಶದ ಮೂರನೆಯ ಅಧಿಕೃತ ಭಾಷೆ. ಗಡಿ ಬದಲಾಗಲಿ ಅಂತ ಅವರನ್ನು ಕಾಯಿಸಲಿಲ್ಲ. ಗಡಿ ಇದ್ದಲ್ಲೇ ಇಟ್ಟು, ಗಡಿಯಿಂದಾಗುವ ತೊಂದರೆಗಳನ್ನು ಒಂದೊಂದಾಗಿ ತೆಗೆದರು. ಎಲ್ಲವೂ ಸುಸೂತ್ರ ಅಂತಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ಬೆಲ್ಜಿಯಂ ಅನಗತ್ಯ ಪ್ರಯಾಣ ನಿಷೇಧಿಸಿತು, ಮರೆತೇ ಹೋಗಿದ್ದ ಗೆರೆ ಆ ಜನರಿಗೆ ಮತ್ತೆ ಅಡ್ಡ ಬಂತು.

ನಮ್ಮಲ್ಲಿ ಕೊರೋನಾ ಬೇಕಿಲ್ಲ, ಒಂದು ಕಲ್ಲು ಸಾಕು. 2022ರ ಡಿಸೆಂಬರಿನಲ್ಲಿ ಗಡಿ ವಿವಾದ ಕೆರಳಿ ಮಹಾರಾಷ್ಟ್ರ-ಕರ್ನಾಟಕ ನಡುವೆ ಬಸ್ ನಿಂತವು. 2025ರ ಫೆಬ್ರವರಿಯಲ್ಲಿ ಬೆಳಗಾವಿ ಬಳಿ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆಯಾದ ನಂತರ ಪುನಃ ನಿಂತವು. ಬಸ್ ನಿಲ್ಲಿಸುವಂತೆ ಮಾಡಿದವರು ಆ ಬಸ್ಸಿನಲ್ಲಿ ದಿನಾ ಓಡಾಡುವವರಲ್ಲ. ನಷ್ಟವಾದದ್ದು ಸೋಲಾಪುರದ ಆಸ್ಪತ್ರೆಗೆ ಹೊರಟಿದ್ದವರಿಗೆ, ವಿಜಯಪುರದ ಕಾಲೇಜಿಗೆ ಹೋಗುವ ಮಕ್ಕಳಿಗೆ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಗೆ ಎರಡು ದಶಕ ಮೀರಿದೆ. ಅದು ಅದರ ಹಾದಿಯಲ್ಲಿ ಸಾಗಲಿ. ತೀರ್ಪು ಏನೇ ಬಂದರೂ ಗೆರೆಯ ಆ ಕಡೆ ಒಂದಿಷ್ಟು ಕನ್ನಡಿಗರು, ಈ ಕಡೆ ಒಂದಿಷ್ಟು ಮರಾಠಿಗರು ಉಳಿದೇ ಉಳಿಯುತ್ತಾರೆ.

ಎರಡೂ ಸಾರಿಗೆ ನಿಗಮಗಳ ಅಧಿಕಾರಿಗಳು ಮತ್ತು ಗಡಿ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಗಲಾಟೆ ಇಲ್ಲದ ಈ ದಿನಗಳಲ್ಲೇ ಕೂತು ಒಂದು ಲಿಖಿತ ಒಪ್ಪಂದ ಮಾಡಿಕೊಳ್ಳಲಿ. ಪರಿಸ್ಥಿತಿ ಎಷ್ಟೇ ಬಿಗುವಾಗಿದ್ದರೂ ಜತ್-ವಿಜಯಪುರ, ಅಕ್ಕಲಕೋಟ-ಆಳಂದ, ಸೋಲಾಪುರ-ಇಂಡಿ ಮಾರ್ಗಗಳಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ ಪೊಲೀಸ್ ಬೆಂಗಾವಲಿನಲ್ಲಾದರೂ ಓಡಬೇಕು. ಗಾಡಿಯ ಫಲಕ ಯಾವ ಲಿಪಿಯಲ್ಲಿದೆ ಎಂದು ನೋಡಿ ಮಸಿ ಬಳಿಯುವವರ ಮೇಲೆ ಎರಡೂ ಕಡೆ ಒಂದೇ ತೆರನಾದ ಕೇಸು ದಾಖಲಾಗಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೆಹಲಿಯ ಅನುಮತಿಯೂ ಬೇಕಿಲ್ಲ. ಮುಂದಿನ ಶಾಲಾ ವರ್ಷ ಶುರುವಾಗುವ ಮೊದಲು ಒಂದು ಸಭೆ ಕರೆದರೆ ಸಾಕು.