ರಸೀದಿ ಪುಸ್ತಕ ಹಿಡಿದು ಹೊರಟ ಚಿತ್ರೋತ್ಸವ



ಒಂದು ಸಂಘ ಬದುಕಿದೆಯೋ ಸತ್ತಿದೆಯೋ ಎಂದು ತಿಳಿಯಬೇಕಾದರೆ ಅದರ ಬೋರ್ಡು ನೋಡಬೇಡಿ. ಲೆಟರ್‌ಹೆಡ್ಡನ್ನಂತೂ ನೋಡಲೇಬೇಡಿ. ರಸೀದಿ ಪುಸ್ತಕ ನೋಡಿ. ಇಪ್ಪತ್ತು ವರ್ಷದಿಂದ ಪ್ರೆಸ್ಸು ನಡೆಸುತ್ತಿರುವ ನನಗೆ ಈ ಒಂದು ವಿದ್ಯೆ ಮಾತ್ರ ಚೆನ್ನಾಗಿ ಬರುತ್ತದೆ. ಸಾವಿರ ಲೆಟರ್‌ಹೆಡ್ ಹಾಕಿಸಿ ಒಂದೂ ರಸೀದಿ ಪುಸ್ತಕ ಹಾಕಿಸದ ಸಂಘಗಳಿವೆ. ಅವು ವಿಧಾನಸೌಧದ ಕಡೆ ಮುಖ ಮಾಡಿ ಕೂತ ಸಂಘಗಳು. ಅನುದಾನ ಬಂದರೆ ಕಾರ್ಯಕ್ರಮ, ಬರದಿದ್ದರೆ ಹೇಳಿಕೆ!

ಕಳೆದ ಅಕ್ಟೋಬರಿನಲ್ಲಿ ನಾಲ್ಕು ಜನ ಹುಡುಗರು ಪೆನ್‌ಡ್ರೈವ್ ಹಿಡಿದುಕೊಂಡು ನನ್ನ ಪ್ರೆಸ್ಸಿಗೆ ಬಂದರು. ಎರಡು ದಿನದ ಕಿರುಚಿತ್ರೋತ್ಸವ ಮಾಡುತ್ತಾರಂತೆ. ವಿಷಯ: ಒಗ್ಗಟ್ಟು. ಎಲ್ಲ ಚಿತ್ರಗಳೂ ಇಪ್ಪತ್ತು ನಿಮಿಷದ ಒಳಗಿನವು, ಎಲ್ಲವೂ ಕನ್ನಡದವು, ಅರ್ಧಕ್ಕರ್ಧ ಮೊಬೈಲಿನಲ್ಲಿ ತೆಗೆದವು. ಪೋಸ್ಟರ್ ಐವತ್ತು, ಕರಪತ್ರ ಸಾವಿರ ಬೇಕು ಎಂದರು. ದುಡ್ಡು? ಒಂದು ಇಲಾಖೆಯವರು ಕೊಡುತ್ತೇವೆ ಎಂದಿದ್ದಾರೆ ಎಂದರು. ಬಾಯಿಮಾತಿನಲ್ಲಿ.

ಹದಿನೈದು ದಿನ ಬಿಟ್ಟು ಅದೇ ಹುಡುಗರು ಬಂದರು. ಈ ಸಲ ಮುಖ ಸಣ್ಣದಾಗಿತ್ತು. ಈ ವರ್ಷ ಆ ಬಾಬ್ತಿನಲ್ಲಿ ಹಣ ಕಡಿತವಾಗಿದೆ, ಮುಂದಿನ ವರ್ಷ ಅರ್ಜಿ ಹಾಕಿ ಎಂದು ಇಲಾಖೆಯವರು ಸಾಗಹಾಕಿದ್ದರು. ಪೋಸ್ಟರ್ ಆಗಲೇ ಅಚ್ಚಾಗಿತ್ತು. 'ಸರ್, ಇದನ್ನು ನಿಲ್ಲಿಸಿಬಿಡೋಣ ಅಂತ' ಎಂದ ಒಬ್ಬ. ನಾನು ಬಯ್ಯಲಿಲ್ಲ. ಚಹಾ ತರಿಸಿ ಕೇರಳದ ಒಂದು ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ. ಕತೆಯಲ್ಲ, ನಡೆದದ್ದು.

ಜಾನ್ ಅಬ್ರಹಾಂ ಎಂಬ ಮಲಯಾಳಿ ನಿರ್ದೇಶಕನಿದ್ದ. ಬಾಲಿವುಡ್ಡಿನ ನಟನಲ್ಲ ಮಾರಾಯ್ರೇ, ಈತ ಬೇರೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವನು. 1984ರಲ್ಲಿ ಗೆಳೆಯರನ್ನು ಕಟ್ಟಿಕೊಂಡು ಕೋಳಿಕ್ಕೋಡಿನಲ್ಲಿ 'ಒಡೆಸ್ಸಾ' ಎಂಬ ಕೂಟ ಮಾಡಿದ. ಸಿನಿಮಾ ತೆಗೆಯಲು ನಿರ್ಮಾಪಕನೂ ಬೇಡ, ಸರ್ಕಾರವೂ ಬೇಡ ಎಂದು ಊರೂರು ಸುತ್ತಿದರು. ಡೋಲು ಬಡಿದರು, ಬೀದಿ ನಾಟಕ ಆಡಿದರು, ಚಾಪ್ಲಿನ್ನನ 'ದಿ ಕಿಡ್' ತೋರಿಸಿದರು, ಕೊನೆಗೆ ನೋಡಿದವರ ಮುಂದೆ ಕೈ ಒಡ್ಡಿದರು. ಕೂಲಿಯವರು, ಮೇಷ್ಟರುಗಳು, ಬೀಡಿ ಕಟ್ಟುವವರು ಕೊಟ್ಟ ಚಿಲ್ಲರೆ ಕಾಸಿನಲ್ಲಿ 'ಅಮ್ಮ ಅರಿಯಾನ್' ತಯಾರಾಯಿತು. ಅದು 1986. ಆಮೇಲೆ ಅದನ್ನು ಕೊಟ್ಟವರಿಗೇ ಊರೂರಲ್ಲಿ ಪುಕ್ಕಟೆ ತೋರಿಸಿದರು. ಮರುವರ್ಷ, 1987ರ ಮೇ ತಿಂಗಳಲ್ಲಿ ಜಾನ್ ಸತ್ತುಹೋದ. ಸಿನಿಮಾ ಉಳಿಯಿತು.

ಅದೆಲ್ಲ ಹಳೇ ಕಾಲ ಸರ್ ಎಂದರು ಹುಡುಗರು. ಸರಿ, ಹತ್ತಿರದ್ದೇ ಹೇಳುತ್ತೇನೆ. ಉತ್ತರಪ್ರದೇಶದ ಗೋರಖ್‌ಪುರದಲ್ಲಿ 2006ರಲ್ಲಿ ಜನ ಸಂಸ್ಕೃತಿ ಮಂಚ್‌ನವರು 'ಪ್ರತಿರೋಧ್ ಕಾ ಸಿನೆಮಾ' ಎಂದು ಚಿತ್ರೋತ್ಸವ ಶುರು ಮಾಡಿದರು. ಅವರದು ಒಂದೇ ಹಠ. ಸರ್ಕಾರದ ಹಣ ಬೇಡ, ಕಂಪನಿಯ ಹಣ ಬೇಡ, ಎನ್‌ಜಿಓ ಹಣವೂ ಬೇಡ. ನೋಡಲು ಬಂದವರು ಕೊಟ್ಟದ್ದರಲ್ಲೇ ನಡೆಯಬೇಕು. ಗೋರಖ್‌ಪುರವೇನು ಕಲೆಯ ಕಾಶಿಯೇ? ಆದರೂ ಅಲ್ಲಿಂದ ಅದು ಪಟ್ನಾಕ್ಕೆ, ನೈನಿತಾಲಿಗೆ, ಉದಯಪುರಕ್ಕೆ ಹಬ್ಬಿತು. ಅಲ್ಲಿ ತೋರಿಸಿದ್ದರಲ್ಲಿ ಬಹುಪಾಲು ಥಿಯೇಟರಿನ ಮುಖ ಕಾಣದ ಸಾಕ್ಷ್ಯಚಿತ್ರಗಳು, ಕಿರುಚಿತ್ರಗಳು.

ಒಗ್ಗಟ್ಟು ಎಂಬ ಪದವನ್ನು ಪೋಸ್ಟರಿನಲ್ಲಿ ನೂರಾ ಇಪ್ಪತ್ತು ಪಾಯಿಂಟಿನಲ್ಲಿ ಹಾಕಿಸುವುದು ಸುಲಭ. ಅದು ನಿಜವಾಗಿ ಏನೆಂದು ತಿಳಿಯಬೇಕಾದರೆ 2004ರ ಮುಂಬಯಿಗೆ ಹೋಗಬೇಕು. ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ನಡೆಸುತ್ತಿದ್ದ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರ, ಕಿರುಚಿತ್ರೋತ್ಸವದಲ್ಲಿ ಭಾರತದ ಚಿತ್ರಗಳಿಗೆ ಮಾತ್ರ ಸೆನ್ಸಾರ್ ಸರ್ಟಿಫಿಕೇಟ್ ಬೇಕು ಎಂದು ಹೊಸ ನಿಯಮ ತಂದರು. ಹೊರದೇಶದವರಿಗೆ ಬೇಡ! ನಿರ್ದೇಶಕರೆಲ್ಲ ಗಲಾಟೆ ಮಾಡಿದ ಮೇಲೆ ಆ ನಿಯಮ ವಾಪಸ್ಸಾಯಿತು. ಆದರೆ ಆಯ್ಕೆ ಪಟ್ಟಿ ಬಂದಾಗ ನೋಡಿದರೆ, ರಾಕೇಶ್ ಶರ್ಮಾ ಅವರು ಗುಜರಾತಿನ ಬಗ್ಗೆ ಮಾಡಿದ 'ಫೈನಲ್ ಸಲ್ಯೂಷನ್' ಸೇರಿ ಸರ್ಕಾರಕ್ಕೆ ಕಹಿಯಾಗುವ ಅನೇಕ ಚಿತ್ರಗಳೇ ಹೊರಗೆ. ಆಗ ಕೈಬಿಟ್ಟವರಷ್ಟೇ ಕೂಗಾಡಲಿಲ್ಲ. ಆಯ್ಕೆಯಾಗಿದ್ದವರಲ್ಲೂ ಕೆಲವರು 'ನಮ್ಮ ಚಿತ್ರವೂ ಬೇಡ' ಎಂದು ಹೊರಬಂದರು. 'ವಿಕಲ್ಪ್' ಎಂಬ ಹೆಸರಿನಲ್ಲಿ ಬೇರೆಯೇ ಉತ್ಸವ ನಡೆಯಿತು, ಸರ್ಕಾರಿ ಉತ್ಸವ ನಡೆಯುತ್ತಿದ್ದ ದಿನಗಳಲ್ಲೇ. ತನಗೆ ಸಿಕ್ಕಿದ್ದ ಕುರ್ಚಿಯನ್ನು ಪಕ್ಕದವನಿಗೆ ಸಿಗಲಿಲ್ಲವೆಂದು ಬಿಟ್ಟು ಎದ್ದು ಬರುವುದು ಇದೆಯಲ್ಲ, ಅದು. ನಮ್ಮಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಟ್ಟಿ ಬಂದ ದಿನ ಎಷ್ಟು ಜನ ಹಾಗೆ ಎದ್ದು ಬರುತ್ತಾರೆ, ಲೆಕ್ಕ ಹಾಕಿ ಹೇಳಿ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಜಾಣರು ಕೇಳಬಹುದು: ಹಾಗಾದರೆ ಸರ್ಕಾರ ಕಲೆಗೆ ಹಣ ಕೊಡುವುದೇ ಬೇಡವೇ? ಜನರೇ ಕೊಟ್ಟುಕೊಳ್ಳಲಿ ಎಂದು ಮಂತ್ರಿಗಳು ಕೈ ತೊಳೆದುಕೊಳ್ಳಬಹುದೇ?

ಖಂಡಿತ ಅಲ್ಲ. ಇಲ್ಲಿ ನಾನು ಜಗಳಕ್ಕೇ ನಿಲ್ಲುತ್ತೇನೆ. ಮೈಸೂರಿನ ಡಾಕ್ಟರ್ ಹುಡುಗ ಚಿದಾನಂದ ನಾಯ್ಕ್ ಗೊತ್ತಲ್ಲ? ಊರಿನ ಹುಂಜವನ್ನು ಮುದುಕಿಯೊಬ್ಬಳು ಕದ್ದು, ಬೆಳಗೇ ಆಗದೆ ಹೋಗುವ ನಮ್ಮ ಜನಪದ ಕಥೆಯನ್ನು ಕನ್ನಡದಲ್ಲೇ ಹದಿನಾರು ನಿಮಿಷದ ಚಿತ್ರ ಮಾಡಿದ. 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಅದರ ಹೆಸರು. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ, ಪ್ರಪಂಚದ ಫಿಲ್ಮ್ ಶಾಲೆಗಳ ಹುಡುಗರೆಲ್ಲ ಸ್ಪರ್ಧಿಸುವ 'ಲಾ ಸಿನೆಫ್' ವಿಭಾಗದಲ್ಲಿ ಮೊದಲ ಬಹುಮಾನ. ಅವನು ಅದನ್ನು ಮಾಡಿದ್ದು ಎಲ್ಲಿ? ಪುಣೆಯ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಜಾನ್ ಕಲಿತದ್ದೂ ಅಲ್ಲೇ ಎಂದು ಆಗಲೇ ಹೇಳಿದೆ. ಜನರ ತೆರಿಗೆಯ ಹಣ ಇಂಥ ಕಡೆ ಬೀಳಬೇಕು. ಕ್ಯಾಮೆರಾ, ಎಡಿಟಿಂಗ್, ಮೇಷ್ಟರು, ಇವನ್ನೆಲ್ಲ ಹತ್ತು ರೂಪಾಯಿ ಕೂಪನ್ನಿನಲ್ಲಿ ಕಟ್ಟಲು ಆಗುವುದಿಲ್ಲ.

ಆದರೆ ನಡೆಯುತ್ತಿರುವುದೇನು? 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್, 1955ರ ಮಕ್ಕಳ ಚಲನಚಿತ್ರ ಸಂಸ್ಥೆ, 1964ರ ಪುಣೆಯ ಫಿಲ್ಮ್ ಆರ್ಕೈವ್, ಚಿತ್ರೋತ್ಸವ ನಿರ್ದೇಶನಾಲಯ, ಈ ನಾಲ್ಕನ್ನೂ 2022ರ ಮಾರ್ಚಿನಲ್ಲಿ ಒಟ್ಟುಗೂಡಿಸಿ ಎನ್‌ಎಫ್‌ಡಿಸಿ ಎಂಬ ನಿಗಮದ ಹೊಟ್ಟೆಗೆ ಹಾಕಿದರು. ನಿಗಮ ಎಂದರೆ ಲಾಭ-ನಷ್ಟ ನೋಡುವ ಕಂಪನಿ. ಕಿರುಚಿತ್ರದಿಂದ ಯಾರಿಗೆ ಲಾಭ ಬಂದಿದೆ? ಇನ್ನು ನಮ್ಮ ರಾಜ್ಯ. 2025ರ ಮಾರ್ಚಿನ ಬಜೆಟ್ಟಿನಲ್ಲಿ ಮೈಸೂರಿನಲ್ಲಿ 150 ಎಕರೆ ಜಾಗದಲ್ಲಿ, ಖಾಸಗಿಯವರ ಜೊತೆ ಸೇರಿ, 500 ಕೋಟಿಯ ಚಿತ್ರನಗರಿ ಎಂದು ಘೋಷಿಸಿದರು. ಆಗಲಿ, ಸಂತೋಷ. ಆದರೆ 500 ಕೋಟಿಯ ಮಾತಾಡುವ ರಾಜ್ಯದಲ್ಲಿ, ನನ್ನೆದುರು ಕೂತಿದ್ದ ನಾಲ್ಕು ಹುಡುಗರಿಗೆ ಬೇಕಾಗಿದ್ದ ಹಣ ಎಷ್ಟು ಗೊತ್ತೇ? ಹದಿನೈದೂವರೆ ಸಾವಿರ. ಇಲಾಖೆಯ ಒಂದು ಸಭೆಯ ಹೂವಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಬಿಲ್ಲು ಅಷ್ಟಾಗುತ್ತದೆ. ಆ ಸಭೆಗಳ ಆಹ್ವಾನಪತ್ರಿಕೆ ಅಚ್ಚು ಹಾಕುವವನು ನಾನು, ಸುಮ್ಮನೆ ಹೇಳುತ್ತಿಲ್ಲ.

ಕೇಳಬೇಕು. ಜೋರಾಗಿಯೇ ಕೇಳಬೇಕು. ಆದರೆ ಕೇಳಿದ್ದು ಬರುವ ತನಕ ಪರದೆ ಮಡಚಿಡಬಾರದು. ಅನುದಾನ ನಿಂತ ದಿನ ನಿಲ್ಲುವ ಉತ್ಸವಕ್ಕೆ ಮಂತ್ರಿ ಹೆದರುವುದಿಲ್ಲ. ತನ್ನ ಕಾಸಿಲ್ಲದೆಯೂ ಇನ್ನೂರು ಜನ ಸೇರುತ್ತಾರೆ ಎಂದು ಗೊತ್ತಾದರೆ, ಆಗ ಅವನೇ ಫೋನ್ ಮಾಡುತ್ತಾನೆ.

ಈಗ ಹೊಟ್ಟೆಯಲ್ಲಿರುವ ಇನ್ನೊಂದು ಮಾತು. ಇದು ನಮ್ಮವರಿಗೇ ಬೇಸರ ತರಿಸಬಹುದು, ತರಿಸಲಿ. ನಾನು ಆ ಹುಡುಗರಿಗೆ ನಾಲ್ಕು ರಸೀದಿ ಪುಸ್ತಕ ಮಾಡಿಕೊಟ್ಟೆ. ಐವತ್ತು ಹಾಳೆಯವು, ನಂಬರ್ ಹಾಕಿದವು, ಒಂದು ಹಾಳೆಗೆ 50 ರೂಪಾಯಿ. ಜೊತೆಗೆ ಹತ್ತು ರೂಪಾಯಿಯ ಕೂಪನ್ನು. ಮೊದಲ ದಿನ ಸಂಜೆ ಹುಡುಗರು ಬರಿಗೈಲಿ ಬಂದರು. ಏನಾಯ್ತ್ರೋ ಎಂದರೆ, ರಸೀದಿ ಪುಸ್ತಕ ನೋಡುತ್ತಲೇ ಅಂಗಡಿಯವರು ಷಟರ್ ಎಳೆಯುತ್ತಾರಂತೆ! ಒಬ್ಬ ದಿನಸಿ ಅಂಗಡಿಯವನು 'ನವೆಂಬರ್ ಬಂತಾ?' ಎಂದು ಕೇಳಿ ಐನೂರರ ನೋಟು ಮೇಜಿನ ಮೇಲೆ ಎಸೆದನಂತೆ, ಮುಖ ಕೂಡ ನೋಡದೆ. ಹುಡುಗರು ಅದನ್ನು ಮುಟ್ಟಲಿಲ್ಲ, ಅದು ಅವರ ದೊಡ್ಡತನ.

ಇದಕ್ಕೆ ಕಾರಣ ಯಾರು? ದೆಹಲಿಯೇ? ಹಿಂದಿಯೇ? ಅಲ್ಲ ಗೆಳೆಯರೇ. ಕನ್ನಡ ಬಾವುಟ ಹೆಗಲಿಗೆ ಹಾಕಿಕೊಂಡು 'ಎಷ್ಟು ಬರೀಲಿ?' ಎಂದು ಹುಬ್ಬು ಗಂಟಿಕ್ಕಿ ನಿಂತ ನಮ್ಮವರೇ. ಹೆದರಿಸಿ ತಂದ ಹಣದಲ್ಲಿ ಆರ್ಕೆಸ್ಟ್ರಾ ನಡೆಯುತ್ತದೆ, ಕಟೌಟು ಏಳುತ್ತದೆ, ಬಾಡೂಟವೂ ಆಗುತ್ತದೆ. ಆದರೆ ಮುಂದೆ ನಿಜವಾದ ಕೆಲಸಕ್ಕೆ ಹೊರಟ ಹುಡುಗನಿಗೆ ಬಾಗಿಲು ಮುಚ್ಚಿಹೋಗುತ್ತದೆ. ಆ ರಸೀದಿ ಪುಸ್ತಕಗಳನ್ನೂ ಅಚ್ಚು ಹಾಕಿದವನು ನಾನೇ. ಹಾಗಾಗಿ ಪೂರ್ತಿ ಶುದ್ಧ ಎಂದು ಹೇಳಿಕೊಳ್ಳುವುದಿಲ್ಲ.

ನಾವು ದಾರಿ ಬದಲಾಯಿಸಿದೆವು. ಅಂಗಡಿ ಬಿಟ್ಟು ಮನೆಗಳಿಗೆ, ಹಾಸ್ಟೆಲ್ಲುಗಳಿಗೆ, ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ, ಬಸ್ ಡಿಪೋ ಮುಂದೆ. ಒಬ್ಬ ಹುಡುಗ ತನ್ನ ಮೊಬೈಲಿನಲ್ಲೇ ಐದು ನಿಮಿಷದ ಒಂದು ಚಿತ್ರ ತೋರಿಸುವುದು, ಆಮೇಲೆ ಪುಸ್ತಕ ತೆಗೆಯುವುದು. ಒಡೆಸ್ಸಾದವರ ಡೋಲಿನ ಬದಲು ಇದು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹತ್ತರ ಕೂಪನ್ ತೆಗೆದುಕೊಂಡಷ್ಟು ಬೇರೆ ಯಾರೂ ತೆಗೆದುಕೊಳ್ಳಲಿಲ್ಲ. ಕಾರಿನಲ್ಲಿ ಬಂದ ಒಬ್ಬರು ಕ್ಯೂಆರ್ ಕೋಡ್ ಇಲ್ಲವೇ ಎಂದರು. ಇದೆ ಎಂದು ತೋರಿಸಿದ ಮೇಲೆ ನೆಟ್‌ವರ್ಕ್ ಸಿಗಲಿಲ್ಲ ಅವರಿಗೆ!

ಲೆಕ್ಕ ಕೇಳಿ. 50ರ ರಸೀದಿ 188 ಹರಿದವು, 9,400 ರೂಪಾಯಿ. ಕೂಪನ್ 570 ಹೋದವು, 5,700. ಒಟ್ಟು 15,100. ಖರ್ಚು: ಪ್ರೊಜೆಕ್ಟರ್ ಮತ್ತು ಪರದೆ 4,000, ಮೈಕು 2,500, ಚಹಾ-ಉಪ್ಪಿಟ್ಟು 3,260, ರಾಯಚೂರು ಮತ್ತು ಶಿವಮೊಗ್ಗದಿಂದ ಚಿತ್ರ ತಂದ ಇಬ್ಬರ ಬಸ್ ಚಾರ್ಜು 1,900, ಪ್ರೆಸ್ಸಿನ ಬಿಲ್ಲು 3,800. ಒಟ್ಟು 15,460. ಸಭಾಂಗಣ ಒಂದು ನೌಕರರ ಸಂಘದವರು ಬಾಡಿಗೆ ಇಲ್ಲದೆ ಕೊಟ್ಟರು. ಕಮ್ಮಿ ಬಿದ್ದ 360 ನನ್ನ ಬಿಲ್ಲಿನಲ್ಲಿ ಹೊಡೆದುಹಾಕಿದೆ. ಈ ಲೆಕ್ಕವನ್ನು ಬಾಗಿಲ ಬಳಿ ಅಂಟಿಸಿದ್ದೆವು. ಚಿತ್ರ ನೋಡಿದಷ್ಟೇ ಹೊತ್ತು ಜನ ಅದನ್ನೂ ನಿಂತು ಓದಿದರು.

ಚಿತ್ರಗಳು ಎಲ್ಲವೂ ಚೆನ್ನಾಗಿದ್ದವು ಎಂದು ಸುಳ್ಳು ಹೇಳುವುದಿಲ್ಲ. ಎರಡು ಚಿತ್ರಗಳ ಮಾತು ಕೇಳಿಸಲೇ ಇಲ್ಲ, ಇನ್ನೊಂದು ಬರೀ ಭಾಷಣ. ಆದರೆ ಪೌರಕಾರ್ಮಿಕ ಹೆಂಗಸೊಬ್ಬಳು ನಸುಕಿನಲ್ಲಿ ಗ್ಲೌಸ್ ಹುಡುಕುವ ಏಳು ನಿಮಿಷದ ಒಂದು ಚಿತ್ರ ಬಂದಾಗ ಹಾಲಿನಲ್ಲಿ ಉಸಿರಾಟ ಕೇಳುತ್ತಿತ್ತು. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು 'ಇನ್ನೊಂದ್ ಸಲ ಹಾಕಿ' ಎಂದಳು. ಹಾಕಿದರು. ಮಲ್ಟಿಪ್ಲೆಕ್ಸಿನಲ್ಲಿ ಹೀಗೆ ಕೇಳಿ ನೋಡಿ!

ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ಚಿತ್ರಸಮಾಜ ಕಟ್ಟಿದರು. ಬೆಂಗಳೂರಿನಲ್ಲಿ ಸುಚಿತ್ರಾ ಅದಕ್ಕೂ ಎರಡು ವರ್ಷ ಮೊದಲೇ ಶುರುವಾಗಿತ್ತು. ಆಗ ಒಂದು ರೀಲು ತರಿಸಲು ರೈಲ್ವೆ ಪಾರ್ಸೆಲ್ ಆಫೀಸಿಗೆ ಅಲೆಯಬೇಕಿತ್ತು. ನಿಮ್ಮ ಜೇಬಿನಲ್ಲಿ ಕ್ಯಾಮೆರಾ ಇದೆ, ಪೆನ್‌ಡ್ರೈವಿನಲ್ಲಿ ಇಡೀ ಉತ್ಸವ ಇದೆ. ಬೇಕಾದದ್ದು ಒಂದು ಗೋಡೆ, ಒಂದು ಪ್ರೊಜೆಕ್ಟರ್, ಮನೆ ಮನೆಗೆ ಹೋಗುವ ನಾಲ್ಕು ಜೊತೆ ಕಾಲು. ನಿಮ್ಮ ಬಡಾವಣೆಯಲ್ಲಿ ಮಾಡುವುದಾದರೆ ಮೊದಲು ಲೆಕ್ಕ ಇಡುವವನನ್ನು ಆರಿಸಿ, ಅಧ್ಯಕ್ಷ ಆಮೇಲೆ.

ಆ ಹುಡುಗರು ಈ ಸಲವೂ ಇಲಾಖೆಗೆ ಅರ್ಜಿ ಹಾಕಿದ್ದಾರೆ. ನಾನೇ ಡಿ.ಟಿ.ಪಿ. ಮಾಡಿಕೊಟ್ಟೆ, ಹಳೆಯ ಖರ್ಚಿನ ಪಟ್ಟಿಯನ್ನೂ ಲಗತ್ತಿಸಿದ್ದಾರೆ. ನಾಲ್ಕನೇ ರಸೀದಿ ಪುಸ್ತಕದಲ್ಲಿ ಇನ್ನೂ 12 ಹಾಳೆ ಉಳಿದಿವೆ. ಅದು ನನ್ನ ಟೇಬಲ್ಲಿನ ಡ್ರಾಯರಿನಲ್ಲಿದೆ.