ಬಾಡಿಗೆ ಬರೀ ಐನೂರು, ಬಿದ್ರೆ ಯಾರ ಜೇಬು? ವಿದೇಶಕ್ಕೆ ಹೋಗಿ ಸ್ಕೂಟರ್ ಹತ್ತೋ ಮುಂಚೆ

ಚನ್ನರಾಯಪಟ್ಟಣ: ಗೊಬ್ಬರ, ಸಿಮೆಂಟ್, ಪೇಂಟ್, ಬಿತ್ತನೆ ಬೀಜದ ವ್ಯಾಪಾರದಲ್ಲಿ ಇರೋರಿಗೆ ಕಂಪನಿ ಟೂರ್ ಅನ್ನೋದು ಹೊಸದೇನಲ್ಲ. ವರ್ಷದ ಟಾರ್ಗೆಟ್ ಮುಟ್ಟಿದ್ರೆ ಬ್ಯಾಂಕಾಕ್-ಪಟ್ಟಾಯ, ಇನ್ನೂ ಜಾಸ್ತಿ ಮಾಲು ಎತ್ತಿದ್ರೆ ಬಾಲಿ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರನ್ನು ವೀಸಾ ಇಲ್ಲದೇ ಒಳಗೆ ಬಿಡೋಕೆ ಶುರು ಮಾಡಿದ ಮೇಲೆ ಕಂಪನಿ ಕೃಪೆ ಇಲ್ಲದೋರೂ ಹೊರಟಿದ್ದಾರೆ. ಬೆಂಗಳೂರಲ್ಲಿ ಕೆಲಸ ಮಾಡೋ ಹುಡುಗರು, ಹೊಸದಾಗಿ ಮದುವೆಯಾದ ಜೋಡಿಗಳು, ಸ್ನೇಹಿತರ ಗುಂಪುಗಳು ಹೋಗ್ತಿವೆ. ಅಲ್ಲಿ ಇಳಿದ ಮಾರನೇ ದಿನವೇ ಎದುರಾಗೋ ಪ್ರಶ್ನೆ ಒಂದೇ: ಹೋಟೆಲ್ ಪಕ್ಕದ ಅಂಗಡೀಲಿ ಸಾಲಾಗಿ ನಿಲ್ಲಿಸಿರೋ ಸ್ಕೂಟರ್ ಬಾಡಿಗೆಗೆ ತಗೊಳ್ಳೋದಾ, ಬೇಡವಾ?

ತಗೊಳ್ಳೋಣ ಅನ್ಸೋದು ತಪ್ಪಲ್ಲ. ಥಾಯ್ಲೆಂಡ್‌ನಲ್ಲಿ ಸಾಮಾನ್ಯ ಸ್ಕೂಟರ್‌ಗೆ ದಿನದ ಬಾಡಿಗೆ 200ರಿಂದ 300 ಬಾತ್. ನಮ್ಮ ದುಡ್ಡಲ್ಲಿ ಐನೂರರಿಂದ ಎಂಟುನೂರು ರೂಪಾಯಿ ಆಸುಪಾಸು. ಫುಕೆಟ್‌ನಂಥ ಕಡೆ ಟ್ಯಾಕ್ಸಿಯಲ್ಲಿ ಬೀಚಿಗೆ ಒಂದ್ಸಲ ಹೋಗಿ ಬಂದ್ರೆ ಅದಕ್ಕಿಂತ ಜಾಸ್ತಿ ಆಗುತ್ತೆ. ಥಾಯ್ಲೆಂಡ್, ಬಾಲಿ, ಶ್ರೀಲಂಕಾದಲ್ಲಿ ನಮ್ಮ ಹಾಗೇ ಎಡಗಡೆ ಓಡಿಸಬೇಕು, ಹಾಗಾಗಿ ಕೈ ಬೇಗ ಕೂರುತ್ತೆ. ಊಟದ ವಿಷಯಾನೂ ಉಂಟು. ಮೂರನೇ ದಿನಕ್ಕೆ ಅನ್ನ-ಸಾರು ನೆನಪಾದ್ರೆ ಇಂಡಿಯನ್ ಹೋಟೆಲ್ ಹುಡುಕ್ಕೊಂಡು ಹೋಗೋಕೆ ಸ್ಕೂಟರ್‌ಗಿಂತ ಒಳ್ಳೇ ಗಾಡಿ ಇಲ್ಲ. ಇನ್ನು ಉತ್ತರದ ಚಿಯಾಂಗ್ ಮಾಯ್‌ನಿಂದ ಪಾಯ್ ಅನ್ನೋ ಊರಿಗೆ ಹೋಗೋ ಬೆಟ್ಟದ ರಸ್ತೇಲಿ 762 ತಿರುವು ಇವೆ ಅಂತ ಅಲ್ಲಿಯೋರು ಟಿ-ಶರ್ಟ್ ಮೇಲೆ ಅಚ್ಚು ಹಾಕಿಸಿ ಮಾರ್ತಾರೆ. ಬಿಸಿಲೆ ಘಾಟಿಯಲ್ಲಿ ಬೈಕ್ ಓಡಿಸಿ ರುಚಿ ಕಂಡಿರೋ ಹಾಸನ ಜಿಲ್ಲೆಯ ಹುಡುಗನಿಗೆ ಅದನ್ನ ಬಸ್ಸಿನ ಕಿಟಕಿಯಿಂದ ನೋಡು ಅಂದ್ರೆ ಕೇಳ್ತಾನಾ?

ಹಾಗಾಗಿ ‘ಬೇಡಪ್ಪ, ಸುಮ್ನೆ ಕೂತ್ಕೊ’ ಅಂತ ಹೇಳೋದರಲ್ಲಿ ಅರ್ಥ ಇಲ್ಲ. ನೋಡಬೇಕಾದ್ದು ಗಾಡಿ ಬಿದ್ದ ದಿನ ದುಡ್ಡು ಯಾರು ಕಟ್ತಾರೆ ಅನ್ನೋದನ್ನ.

ಇಲ್ಲಿ ಬಿದ್ರೆ, ಅಲ್ಲಿ ಬಿದ್ರೆ

ನಮ್ಮ ಹೆದ್ದಾರೀಲಿ ಬೈಕ್ ಬಿದ್ರೆ ಏನಾಗುತ್ತೆ ಅಂತ ತಾಲ್ಲೂಕಿನವರಿಗೆ ಹೇಳಿಕೊಡಬೇಕಿಲ್ಲ. 108 ಬರುತ್ತೆ, ತಾಲ್ಲೂಕು ಆಸ್ಪತ್ರೆ, ಅಲ್ಲಿ ಆಗ್ಲಿಲ್ಲ ಅಂದ್ರೆ ಹಾಸನದ ಹಿಮ್ಸ್ ಇಲ್ಲಾ ಬೆಳ್ಳೂರು ಕ್ರಾಸ್ ಹತ್ರದ ಬಿ.ಜಿ. ನಗರ. ಆಯುಷ್ಮಾನ್ ಕಾರ್ಡ್, ಯಶಸ್ವಿನಿ ಕಾರ್ಡ್, ಏನೂ ಇಲ್ಲ ಅಂದ್ರೆ ಭಾವ-ಭಾಮೈದ ಬಂದು ನಿಲ್ತಾರೆ. ಪಟ್ಟಾಯದಲ್ಲಿ ಈ ಯಾವ ಕಾರ್ಡೂ ನಡೆಯಲ್ಲ. ಅಲ್ಲಿನ ಖಾಸಗಿ ಆಸ್ಪತ್ರೆಗಳು ಚೆನ್ನಾಗೇ ಇವೆ, ಆದ್ರೆ ಆಪರೇಷನ್‌ಗೆ ಮುಂಚೆ ಇನ್ಶೂರೆನ್ಸ್ ಕಂಪನಿಯ ಗ್ಯಾರಂಟಿ ಪತ್ರ ಅಥವಾ ಮುಂಗಡ ದುಡ್ಡು ಕೇಳ್ತಾವೆ.

ಮನೇಲಿರೋ ಬೈಕಿನ ಇನ್ಶೂರೆನ್ಸ್ ಇದೆಯಲ್ಲ ಅಂತ ಕೆಲವರು ಅಂದ್ಕೊಂಡಿರ್ತಾರೆ. ನಮ್ಮ ವಾಹನ ವಿಮೆ ನಮ್ಮ ಗಾಡಿಗೆ, ನಮ್ಮ ದೇಶದೊಳಗೆ ಮಾತ್ರ. ಜಾಸ್ತಿ ಪ್ರೀಮಿಯಂ ಕಟ್ಟಿದ್ರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗೆ ವಿಸ್ತರಿಸಬಹುದು, ಅದೂ ನಮ್ಮ ಗಾಡೀನೇ ತಗೊಂಡು ಹೋದ್ರೆ. ಥಾಯ್ಲೆಂಡ್‌ನ ಬಾಡಿಗೆ ಸ್ಕೂಟರ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

‘ಗಾಡಿಗೆ ಇನ್ಶೂರೆನ್ಸ್ ಇದೆ’ ಅಂತ ಬಾಡಿಗೆ ಅಂಗಡಿಯವನು ಹೇಳೋದು ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ. ಥಾಯ್ಲೆಂಡ್‌ನಲ್ಲಿ ಪ್ರತಿ ಗಾಡಿಗೂ ಸರ್ಕಾರ ಕಡ್ಡಾಯ ಮಾಡಿರೋ ವಿಮೆ ಒಂದಿದೆ. ಅದರಲ್ಲಿ ತಪ್ಪು ಯಾರದ್ದು ಅಂತ ತೀರ್ಮಾನ ಆಗೋ ಮುಂಚೆ ಗಾಯಾಳುವಿಗೆ ಸಿಗೋ ಆಸ್ಪತ್ರೆ ಖರ್ಚಿನ ಮಿತಿ 30,000 ಬಾತ್. ಹೆಚ್ಚೂಕಮ್ಮಿ 80 ಸಾವಿರ ರೂಪಾಯಿ. ಕಾಲು ಮುರಿದು ರಾಡ್ ಹಾಕಿಸೋ ಹೊತ್ತಿಗೆ ಅದು ಎಲ್ಲಿಗೆ ಸಾಲುತ್ತೆ? ಗಾಡಿ ರಿಪೇರಿಯಂತೂ ಅದರಲ್ಲಿ ಬರೋದೇ ಇಲ್ಲ, ಬಾಡಿಗೆಗೆ ತಗೊಂಡೋನ ತಲೆ ಮೇಲೆ.

ಉಳಿಯೋದು ಟ್ರಾವೆಲ್ ಇನ್ಶೂರೆನ್ಸ್. ಕಂಪನಿ ಟೂರ್‌ನಲ್ಲಿ ಎಲ್ಲರಿಗೂ ಸೇರಿಸಿ ಒಂದು ಪಾಲಿಸಿ ಮಾಡಿಸಿರ್ತಾರೆ. ಆದರೆ ಯಾರಾದ್ರೂ ಅದನ್ನ ಬಿಚ್ಚಿ ಓದಿದ್ದಾರಾ? ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರೋ ಷರತ್ತು: ಆ ದೇಶದಲ್ಲಿ ನಡೆಯೋ ಲೈಸೆನ್ಸ್ ಇಲ್ಲದೆ ಓಡಿಸಿದ್ರೆ, ಕುಡಿದು ಓಡಿಸಿದ್ರೆ ಕ್ಲೇಮ್ ಇಲ್ಲ. ಕೆಲವು ಪಾಲಿಸಿಗಳು ಹೆಲ್ಮೆಟ್ ಕೇಳ್ತಾವೆ, ಕೆಲವು ಎಂಜಿನ್ ಸಿಸಿ ಕೇಳ್ತಾವೆ, ಇನ್ನು ಕೆಲವು ಬೈಕ್ ಓಡಿಸೋದನ್ನೇ ಸಾಹಸ ಕ್ರೀಡೆ ಅಂತ ಹೊರಗಿಡ್ತಾವೆ. ಡೀಲರ್ ಟೂರ್‌ನಲ್ಲಿ ಸಂಜೆ ಮೇಲೆ ಏನೇನು ನಡೆಯುತ್ತೆ ಅಂತ ಬಿಡಿಸಿ ಹೇಳೋದು ಬೇಡ.

ನುಗ್ಗೇಹಳ್ಳಿ ಕಡೆಯ ಅಂಗಡಿಯವರೊಬ್ಬರು ಅಂತಿಟ್ಕೊಳ್ಳಿ. ಮೂವತ್ತು ವರ್ಷದಿಂದ ಗಾಡಿ ಓಡಿಸ್ತಿದ್ದಾರೆ, ಒಂದು ಸಲಾನೂ ಬಿದ್ದಿಲ್ಲ. ಲೈಸೆನ್ಸ್ ಇದೆ, ಆದ್ರೆ ಅದರಲ್ಲಿರೋದು ಕಾರು ಮತ್ತೆ ಟ್ರ್ಯಾಕ್ಟರ್ ಮಾತ್ರ. ಊರಲ್ಲಿ ಯಾರೂ ಕೇಳಿಲ್ಲ, ನಡೆದುಹೋಗಿದೆ. ಅಲ್ಲಿ ಬೀಚ್ ರಸ್ತೆಯ ತಿರುವಿನಲ್ಲಿ ಮರಳಿಗೆ ಚಕ್ರ ಜಾರಿತು, ಪಾದದ ಮೂಳೆ ಮುರೀತು. ಕ್ಲೇಮ್ ಫಾರಂ ಜೊತೆ ಲೈಸೆನ್ಸ್ ನಕಲು ಕೇಳ್ತಾರೆ. ಅಲ್ಲಿಗೆ ಕಥೆ ಮುಗೀತು. ಐನೂರು ರೂಪಾಯಿ ಬಾಡಿಗೆ ಗಾಡಿ ಲಕ್ಷಗಟ್ಟಲೆ ಬಿಲ್ ಆಗಿ ಮನೆಗೆ ಬರುತ್ತೆ. ಎದುರಿನವರಿಗೆ ಡಿಕ್ಕಿ ಹೊಡೆದಿದ್ರೆ ಪೊಲೀಸ್ ಕೇಸು, ಪರಿಹಾರದ ಮಾತುಕತೆ, ಅದು ಮುಗಿಯೋವರೆಗೂ ವಾಪಸ್ ವಿಮಾನ ಹತ್ತೋದು ಕಷ್ಟ.

ಭಯ ಹುಟ್ಟಿಸೋಕೆ ಹೇಳ್ತಿರೋ ಮಾತಲ್ಲ ಇದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿ ಪ್ರಕಾರ ಥಾಯ್ಲೆಂಡ್‌ನ ರಸ್ತೆ ಸಾವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಎರಡು-ಮೂರು ಚಕ್ರದ ಗಾಡಿಯವರದ್ದೇ. ನಾವೇನೂ ಕಮ್ಮಿ ಇಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತೋರು 1,68,491 ಮಂದಿ, ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ದ್ವಿಚಕ್ರ ಸವಾರರು. ‘ನಮ್ಮೂರಲ್ಲೇ ಓಡಿಸಿದೀವಿ, ಅಲ್ಲೇನು’ ಅನ್ನೋ ಧೈರ್ಯಕ್ಕೆ ಈ ಲೆಕ್ಕ ಅಷ್ಟೇನೂ ಆಸರೆ ಕೊಡಲ್ಲ.

ಸಾವಿರ ರೂಪಾಯಿಯ ಕಾಗದ

ಇದಕ್ಕೆ ಪರಿಹಾರ ಬೆಂಗಳೂರಲ್ಲೂ ಇಲ್ಲ, ದೆಹಲೀಲೂ ಇಲ್ಲ. 40 ಕಿ.ಮೀ. ಒಳಗೆ, ಹಾಸನದ ಆರ್‌ಟಿಒ ಕಚೇರೀಲಿದೆ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಚಿಕ್ಕದಾಗಿ ಐಡಿಪಿ. ಸರ್ಕಾರಿ ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತೆ. ಸಾರಥಿ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬಹುದು. ವೀಸಾ ತೋರಿಸಬೇಕು, ಡಾಕ್ಟರ್ ಸರ್ಟಿಫಿಕೇಟ್ ಬೇಕು ಅಂತ ಮುಂಚೆ ಇದ್ದ ಷರತ್ತನ್ನು 2021ರ ಜನವರೀಲಿ ಕೇಂದ್ರ ಸರ್ಕಾರ ತೆಗೆದುಹಾಕಿತು. ಹೋದ ಮೇಲೆ ವೀಸಾ ಕೊಡೋ ದೇಶಗಳಿಗೆ ಮುಂಚೆನೇ ವೀಸಾ ತೋರಿಸು ಅಂದ್ರೆ ಎಲ್ಲಿಂದ ತರೋದು ಅನ್ನೋದೇ ಕಾರಣ. ಈಗಲೂ ಯಾರಾದ್ರೂ ಏಜೆಂಟ್ ‘ವೀಸಾ ಇಲ್ಲದೆ ಆಗಲ್ಲ, ಇಷ್ಟು ಖರ್ಚಾಗುತ್ತೆ’ ಅಂದ್ರೆ ಈ ಮಾತು ನೆನಪಿಟ್ಕೊಳ್ಳಿ. 2022ರ ಆಗಸ್ಟ್‌ನ ಅಧಿಸೂಚನೆ ಪ್ರಕಾರ ಐಡಿಪಿ ಇಡೀ ದೇಶಕ್ಕೆ ಒಂದೇ ನಮೂನೆಯಲ್ಲಿ, ಕ್ಯೂಆರ್ ಕೋಡ್ ಜೊತೆ ಬರುತ್ತೆ.

ಐಡಿಪಿ ಕೈಗೆ ಬಂದ ತಕ್ಷಣ ನೋಡಬೇಕಾದ್ದು ಒಂದೇ. ಅದರಲ್ಲಿ ‘ಎ’ ವರ್ಗಕ್ಕೆ ಮುದ್ರೆ ಬಿದ್ದಿದೆಯಾ? ‘ಎ’ ಅಂದ್ರೆ ಬೈಕ್, ‘ಬಿ’ ಅಂದ್ರೆ ಕಾರು. ‘ಬಿ’ ಮಾತ್ರ ಇದ್ರೆ ಸ್ಕೂಟರ್ ಮಟ್ಟಿಗೆ ಆ ಕಾಗದ ಇದ್ದೂ ಇಲ್ಲದಂಗೆ. ಮೂಲ ಲೈಸೆನ್ಸ್‌ನಲ್ಲಿ ದ್ವಿಚಕ್ರ ಇಲ್ಲದೋರು ಮೊದಲು ಇಲ್ಲಿ ಎಲ್ಎಲ್ ತಗೊಂಡು, ಟೆಸ್ಟ್ ಕೊಟ್ಟು ಸೇರಿಸ್ಕೋಬೇಕು. ಎಲ್ಎಲ್ ಆದ ಮೇಲೆ ಟೆಸ್ಟಿಗೆ ಕನಿಷ್ಠ ಒಂದು ತಿಂಗಳು ಕಾಯಬೇಕು. ಟೂರ್ ಲಿಸ್ಟಿನಲ್ಲಿ ಹೆಸರು ಬಂದ ಮೇಲೆ ಓಡಿದ್ರೆ ಆಗಲ್ಲ.

ಎಲ್ಲ ದೇಶದಲ್ಲೂ ಈ ಕಾಗದ ನಡೆಯುತ್ತೆ ಅಂತಾನೂ ಇಲ್ಲ. ಭಾರತ ಕೊಡೋ ಐಡಿಪಿ 1949ರ ಜಿನೀವಾ ಒಪ್ಪಂದದ್ದು. ಥಾಯ್ಲೆಂಡ್ ಅದನ್ನ ಒಪ್ಪುತ್ತೆ. ವಿಯೆಟ್ನಾಂ ಸೇರಿರೋದು 1968ರ ವಿಯೆನ್ನಾ ಒಪ್ಪಂದಕ್ಕೆ, ಅದಕ್ಕೇ ಅಲ್ಲಿ ನಮ್ಮ ಐಡಿಪಿಗೆ ಬೆಲೆ ಇಲ್ಲ. ಮೇಲಾಗಿ ಅಲ್ಲಿ ಬಲಗಡೆ ಓಡಿಸಬೇಕು. 2025ರ ಜನವರಿಯಿಂದ ದಂಡಾನೂ ಏರಿಸಿದ್ದಾರೆ. ಅಂಗಡಿಯವನು ಲೈಸೆನ್ಸ್ ಕೇಳದೆ ಬೀಗದ ಕೈ ಕೊಡ್ತಾನೆ ನಿಜ, ಅವನಿಗೆ ಬೇಕಿರೋದು ಬಾಡಿಗೆ. ವಿಯೆಟ್ನಾಂನ ಹಾ ಜಿಯಾಂಗ್ ಬೆಟ್ಟ ನೋಡಲೇಬೇಕು ಅನ್ನೋರಿಗೆ ಸ್ಥಳೀಯ ಸವಾರನ ಹಿಂದೆ ಕೂತು ಸುತ್ತೋ ವ್ಯವಸ್ಥೆ ಇದೆ. ದುಡ್ಡು ಸ್ವಲ್ಪ ಜಾಸ್ತಿ, ಹಿಂದೆ ಕೂರೋಕೆ ಕೆಲವರಿಗೆ ಮರ್ಯಾದೆ ಅಡ್ಡ ಬರಬಹುದು. ಆದ್ರೂ ನಮ್ಮ ಲೈಸೆನ್ಸ್ ಇಟ್ಕೊಂಡು ಅಲ್ಲಿಗೆ ಹೋಗೋರಿಗೆ ಅದೇ ಸರಿಯಾದ ದಾರಿ. ಶ್ರೀಲಂಕಾದಲ್ಲಿ ಐಡಿಪಿ ಇದ್ರೂ ಅಲ್ಲಿನ ಆಟೊಮೊಬೈಲ್ ಅಸೋಸಿಯೇಷನ್‌ನ ಒಪ್ಪಿಗೆ ಮುದ್ರೆ ಬೇಕು. ಬಾಲಿಯ ಗವರ್ನರ್ ವಾಯನ್ ಕೋಸ್ಟರ್ ಅವರು 2023ರ ಮಾರ್ಚ್‌ನಲ್ಲಿ ವಿದೇಶಿಯರಿಗೆ ಬೈಕ್ ಬಾಡಿಗೆಯನ್ನೇ ನಿಲ್ಲಿಸೋ ಮಾತಾಡಿದ್ರು. ಲೈಸೆನ್ಸ್, ಹೆಲ್ಮೆಟ್, ಅಂಗಿ ಯಾವುದೂ ಇಲ್ಲದೆ ಓಡಾಡೋ ಪ್ರವಾಸಿಗರಿಂದ ಅಲ್ಲಿನ ಜನ ಬೇಸತ್ತಿದ್ರು. ಬಾಡಿಗೆ ಅಂಗಡಿಗಳು ಈಗಲೂ ಇವೆ, ಪೊಲೀಸರು ಕೈ ಅಡ್ಡ ಹಾಕೋದೂ ಇದೆ.

ಪಾಸ್‌ಪೋರ್ಟ್ ಒತ್ತೆ ಇಡಬೇಡಿ

ಗೋವಾದಲ್ಲಿ ಸ್ಕೂಟರ್ ಬಾಡಿಗೆಗೆ ತಗೊಂಡವರಿಗೆ ಒಂದು ಪಾಠ ಗೊತ್ತಿರುತ್ತೆ. ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇದ್ರೆ ಬಾಡಿಗೆ ಗಾಡಿ, ಬಿಳಿ ಬೋರ್ಡ್ ಆದ್ರೆ ಯಾರದ್ದೋ ಸ್ವಂತ ಗಾಡಿ, ಪೊಲೀಸ್ ಹಿಡಿದ್ರೆ ತಲೆನೋವು. ಅಲ್ಲಿ ಒತ್ತೆಗೆ ಆಧಾರ್ ಕಾರ್ಡ್ ಕೊಟ್ಟು ಅಭ್ಯಾಸ ಆಗಿರುತ್ತೆ. ಅದೇ ಅಭ್ಯಾಸದಲ್ಲಿ ಪಟ್ಟಾಯದಲ್ಲೂ, ಬಾಲಿಯಲ್ಲೂ ಪಾಸ್‌ಪೋರ್ಟ್ ತೆಗೆದು ಕೊಟ್ಟುಬಿಡ್ತಾರೆ. ಗಾಡಿ ವಾಪಸ್ ಕೊಡೋವಾಗ ‘ಈ ಗೀರು ನೀನೇ ಮಾಡಿದ್ದು, ಇಷ್ಟು ಸಾವಿರ ಬಾತ್ ಕೊಡು’ ಅಂತ ಶುರುವಾದ್ರೆ ವಾದ ಮಾಡೋಕೆ ಕೈಲಿ ಏನೂ ಇರಲ್ಲ. ರಾತ್ರಿ ವಿಮಾನ, ಪಾಸ್‌ಪೋರ್ಟ್ ಅವನ ಡ್ರಾಯರ್‌ನಲ್ಲಿ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಆ ಪುಸ್ತಕ ಭಾರತ ಸರ್ಕಾರದ ಆಸ್ತಿ, ಒತ್ತೆ ಇಡೋಕೆ ನಮ್ಮದೇ ಅಲ್ಲ. ನಕಲು ಕೊಟ್ಟು, ಬದಲಿಗೆ ನಗದು ಡಿಪಾಸಿಟ್ ಇಡ್ತೀನಿ ಅಂದ್ರೆ ಒಪ್ಪೋ ಅಂಗಡಿಗಳು ಸಿಗ್ತಾವೆ. ಒಪ್ಪದಿದ್ರೆ ಪಕ್ಕದ ಅಂಗಡಿ ನೋಡೋದು.

ಗಾಡಿ ಹೊರಗೆ ತೆಗೆಯೋ ಮುಂಚೆ ಅಂಗಡಿಯವನ ಎದುರಿಗೇ ಮೊಬೈಲ್‌ನಲ್ಲಿ ಸುತ್ತ ಒಂದು ವಿಡಿಯೋ ಮಾಡ್ಕೊಳ್ಳಿ. ಗೀರು, ಕನ್ನಡಿ, ಟೈರು, ಪೆಟ್ರೋಲ್ ಮುಳ್ಳು ಎಲ್ಲ ಕಾಣಂಗೆ. ಬ್ರೇಕ್ ಹಿಡಿದು ನೋಡಿ. ತಲೆಗೆ ಸರಿಯಾಗಿ ಕೂರೋ ಹೆಲ್ಮೆಟ್ ಕೊಡದ ಅಂಗಡೀಲಿ ಗಾಡಿ ತಗೊಳ್ಳೋದೇ ಬೇಡ.

ಕಂಪನಿ ಟೂರ್‌ಗೆ ಹೋಗೋ ವ್ಯಾಪಾರಸ್ಥರಿಗೆ ಇನ್ನೊಂದು ವಿಷಯ. ಟೂರ್ ‘ಫ್ರೀ’ ಅಂತ ಅಂದ್ಕೋಬೇಡಿ. 2022ರ ಜುಲೈನಲ್ಲಿ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಉಡುಗೊರೆಗೆ ಶೇ 10 ಟಿಡಿಎಸ್ ಇದೆ, ಡೀಲರ್‌ಗಳ ವಿದೇಶ ಪ್ರವಾಸವೂ ಅದರೊಳಗೇ ಬರುತ್ತೆ. ತೆರಿಗೆ ಲೆಕ್ಕಕ್ಕೆ ಸೇರೋ ಟೂರ್ ಅಂದ ಮೇಲೆ ಅದರ ಇನ್ಶೂರೆನ್ಸ್ ಪಾಲಿಸಿಯ ಪ್ರತಿ ಕೇಳೋಕೆ ಸಂಕೋಚ ಯಾಕೆ? ಹೊರಡೋ ಮುಂಚೆನೇ ಕಂಪನಿಯ ಸೇಲ್ಸ್ ಆಫೀಸರ್ ಹತ್ರ ಪಿಡಿಎಫ್ ತರಿಸ್ಕೊಂಡು, ಬಾಡಿಗೆ ಬೈಕ್ ಓಡಿಸಿದ್ರೆ ಕವರ್ ಇದೆಯಾ ಇಲ್ವಾ ಅಂತ ವಾಟ್ಸಾಪ್‌ನಲ್ಲೇ ಬರೆದು ಕೇಳಿ, ಉತ್ತರ ಇಟ್ಕೊಳ್ಳಿ. ‘ಏನೂ ಆಗಲ್ಲ ಸಾರ್, ಬನ್ನಿ’ ಅನ್ನೋದನ್ನ ಯಾವ ಆಸ್ಪತ್ರೇನೂ ಗ್ಯಾರಂಟಿ ಪತ್ರ ಅಂತ ತಗೊಳ್ಳಲ್ಲ.