ಕಣ್ಣಿಗೆ ಹತ್ತಿರ, ಬಾಣಕ್ಕೆ ದೂರ

ಈ ಸಲದ ವಿಷಯವನ್ನು ಕಂಡು ನಮ್ಮ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಪ್ರೆಶರ್ ಕುಕ್ಕರು, ಹೊಲಿಗೆ ಯಂತ್ರ, ಮಕ್ಕಳ ಕನ್ನಡಕ ಮುಂತಾದವುಗಳ ಗುಣದೋಷ ಹೇಳಿಕೊಂಡು ಬಂದ ಈ ಅಂಕಣಕ್ಕೂ ಬೇಟೆಯ ಬಂದೂಕಿನ ದುರ್ಬೀನಿಗೂ ಏನು ನಂಟು? ಕಡತಗಳ ನಡುವೆ ಕೂತು ಸವೆಯುವ ಗುಮಾಸ್ತರಾದ ನಮಗೆ ಬಿಲ್ಲೆಲ್ಲಿ, ಬಾಣವೆಲ್ಲಿ?

ಆದರೆ ಪ್ರಶ್ನೆ ಬಂದಿರುವುದು ನಮ್ಮ ಸಂಘದ ಮನೆಗಳಿಂದಲೇ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಅಮೆರಿಕಕ್ಕೆ ಹೋಗಿಬಂದ ಹಿರಿಯರು ಅಲ್ಲಿಯ ಎಲೆ ಉದುರುವ ಕಾಲದಲ್ಲಿ ಒಂದು ನೋಟ ಕಂಡು ಬೆರಗಾಗಿ ಬರುತ್ತಾರೆ. ನೆರೆಮನೆಯ ಸಾಧು ಮನುಷ್ಯನೇ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಪರವಾನಗಿ ಪಡೆದು, ಜಿಂಕೆಯ ಬೇಟೆಗೆ ಹೊರಡುತ್ತಾನೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ದುರ್ಬೀನುಗಳು ಸಾಲಾಗಿ ಮಲಗಿರುತ್ತವೆ. ಒಂದರ ಮೇಲೆ 4×32 ಎಂದಿದ್ದರೆ ಇನ್ನೊಂದರ ಮೇಲೆ 3–9×40 ಎಂದು. "ಇದೆಂಥ ಲೆಕ್ಕ ರಾಯರೇ? ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವುದು ಸಿಗುವಾಗ ನಾಲ್ಕು ಪಟ್ಟಿನದನ್ನು ಯಾವ ಬುದ್ಧಿವಂತ ಕೊಂಡಾನು?" ಎಂದು ಹಿರಿಯರೊಬ್ಬರು ಸಂಘದ ವಾಚನಾಲಯದಲ್ಲಿ ನಮ್ಮನ್ನು ಕೇಳಿದರು. ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ.

ನಮ್ಮ ದೇಶದ ಮಾತನ್ನು ಮೊದಲು ಹೇಳಿಬಿಡುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿ ಸೇರಿ ಇಲ್ಲಿ ಹವ್ಯಾಸದ ಬೇಟೆಯನ್ನು ಮುಗಿಸಿಬಿಟ್ಟಿವೆ. ಬೇಟೆಯ ಸೊಗಸನ್ನು ನಾವೀಗ ಸವಿಯುವುದು ಪುಸ್ತಕಗಳಲ್ಲಿ. ಬೆಂಗಳೂರಿನ ಕೆನೆತ್ ಆಂಡರ್ಸನ್ನರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದದ ಮನೆ ನಮ್ಮಲ್ಲಿ ಕಡಿಮೆ. ಅಲ್ಲಿ ಮಚಾನು ಉಂಟು, ಟಾರ್ಚು ಉಂಟು, ಎದೆ ನಡುಗಿಸುವಷ್ಟು ಸಮೀಪಕ್ಕೆ ಬಂದ ಹುಲಿ ಉಂಟು. ಬಂದೂಕಿನ ಮೇಲೆ ದುರ್ಬೀನು ಮಾತ್ರ ನೆನಪಿಗೆ ಬಾರದು. ಅಮೆರಿಕದ ಜಿಂಕೆಯ ಬೇಟೆಯ ರೀತಿ ಬೇರೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಗಿಡಗಂಟಿಗಳ ಮರೆಯಲ್ಲಿ ನಿಂತ ಕಂದುಬಣ್ಣದ ಪ್ರಾಣಿಯನ್ನು ಗುರುತಿಸಬೇಕು. ದುರ್ಬೀನು ಬೇಕಾದದ್ದು ಅದಕ್ಕೆ.

ಇನ್ನು ಅಂಕಿಗಳು. 4×32 ಎಂಬಲ್ಲಿ ಮೊದಲಿನ 4 ಎಂದರೆ ವಸ್ತು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. ನೂರು ಗಜದಾಚೆಯ ಜಿಂಕೆ ಇಪ್ಪತ್ತೈದು ಗಜದಲ್ಲಿ ನಿಂತಂತೆ ತೋರುತ್ತದೆ. ಎರಡನೆಯ 32 ಎಂದರೆ ಮುಂದಿನ ದೊಡ್ಡ ಗಾಜಿನ ಅಡ್ಡಳತೆ, ಮಿಲಿಮೀಟರುಗಳಲ್ಲಿ. 3–9×40 ಎಂದರೆ ಬಳೆಯೊಂದನ್ನು ತಿರುಗಿಸಿ ಮೂರರಿಂದ ಒಂಬತ್ತು ಪಟ್ಟಿನವರೆಗೆ ಬೇಕಾದಂತೆ ಮಾಡಿಕೊಳ್ಳಬಹುದು. ಮುಂದಿನ ಗಾಜು 40 ಮಿಲಿಮೀಟರು.

ಈಗ ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 32ನ್ನು 4ರಿಂದ ಭಾಗಿಸಿದರೆ 8. ದುರ್ಬೀನಿನ ಹಿಂಬದಿಯಿಂದ ಹೊರಬೀಳುವ ಬೆಳಕಿನ ಕಂಬ 8 ಮಿಲಿಮೀಟರು ದಪ್ಪವಿರುತ್ತದೆ ಎಂದರ್ಥ. ದುರ್ಬೀನನ್ನು ತೋಳಳತೆಯಲ್ಲಿ ಬೆಳಕಿನ ಕಡೆ ಹಿಡಿದರೆ ಹಿಂದಿನ ಗಾಜಿನಲ್ಲಿ ಆ ಬೆಳಕಿನ ಬಿಲ್ಲೆ ಕಣ್ಣಿಗೇ ಕಾಣುತ್ತದೆ. 40ನ್ನು 9ರಿಂದ ಭಾಗಿಸಿದರೆ ಸುಮಾರು ನಾಲ್ಕೂವರೆ ಮಾತ್ರ. ಕತ್ತಲಲ್ಲಿ ಹರೆಯದವರ ಕಣ್ಣುಪಾಪೆ ಸುಮಾರು 7 ಮಿಲಿಮೀಟರಿನಷ್ಟು ಅರಳುತ್ತದೆ. ವಯಸ್ಸಾದಂತೆ ಈ ಅರಳುವಿಕೆ ಕುಗ್ಗುತ್ತದೆ. ಆದ್ದರಿಂದ ಮುಸ್ಸಂಜೆಯಲ್ಲಿ ಒಂಬತ್ತು ಪಟ್ಟಿಗೆ ತಿರುಗಿಸಿದ ದುರ್ಬೀನು ಮಬ್ಬಾಗಿಯೂ ನಾಲ್ಕು ಪಟ್ಟಿನದು ಬೆಳಕಾಗಿಯೂ ಕಂಡರೆ ಅದು ಮಾಯವಲ್ಲ, ಭಾಗಾಕಾರ. ಹಗಲಿನಲ್ಲಿ ಪಾಪೆ ಎರಡು ಮೂರು ಮಿಲಿಮೀಟರಿಗೆ ಕಿರಿದಾಗುವುದರಿಂದ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಝಗಝಗಿಸುವ ಅಂಗಡಿಯೊಳಗೆ ಎಲ್ಲ ದುರ್ಬೀನುಗಳೂ ಒಳ್ಳೆಯವೇ. ಸಂಜೆ ಹೊತ್ತು ಹೊರಗೆ ತಂದು ನೋಡಿದಾಗಲೇ ಅವುಗಳ ಯೋಗ್ಯತೆ ತಿಳಿಯುವುದು. ಸೀರೆಯ ಬಣ್ಣವನ್ನು ಅಂಗಡಿಯ ಬಾಗಿಲಿಗೆ ತಂದು ನೋಡುವ ನಮ್ಮ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಪಟ್ಟು ಹೆಚ್ಚಿದಂತೆ ಇನ್ನೆರಡು ನಷ್ಟಗಳುಂಟು. ಒಂದು, ನೋಟದ ಅಗಲ ಕುಗ್ಗುತ್ತದೆ. ಸಾಮಾನ್ಯವಾದ 3–9×40 ದುರ್ಬೀನಿನಲ್ಲಿ ನೂರು ಗಜದಾಚೆ ಮೂರು ಪಟ್ಟಿಗೆ ಸುಮಾರು 33 ಅಡಿ ಅಗಲದ ಜಾಗ ಕಾಣುತ್ತದೆ. ಒಂಬತ್ತು ಪಟ್ಟಿಗೆ 11–12 ಅಡಿ. ಹತ್ತಿರದಲ್ಲೇ ಎದ್ದು ಓಡಿದ ಪ್ರಾಣಿಯನ್ನು ಅಷ್ಟು ಕಿರಿದಾದ ಕಿಂಡಿಯಲ್ಲಿ ಹುಡುಕುವುದು ಸೂಜಿಯ ಕಣ್ಣಿನಿಂದ ಜಾತ್ರೆ ನೋಡಿದಂತೆ. ಎರಡು, ನಮ್ಮ ಕೈನಡುಕವೂ ಒಂಬತ್ತು ಪಟ್ಟಾಗುತ್ತದೆ.

ಕೊಳ್ಳುವವರು ಕೇಳಬೇಕಾದ ಬೇರೆ ಮಾತುಗಳೂ ಇವೆ. ಕಣ್ಣು ಹಿಂಗಾಜಿನಿಂದ ಎಷ್ಟು ದೂರವಿದ್ದರೆ ಪೂರ್ತಿ ನೋಟ ಸಿಗುತ್ತದೆ ಎಂಬುದು ಮುಖ್ಯ. ಬೇಟೆಯ ರೈಫಲು ಸಿಡಿದಾಗ ಹಿಂದಕ್ಕೆ ಒದೆಯುತ್ತದೆ. ಮೂರು ನಾಲ್ಕು ಅಂಗುಲದ ಅಂತರವಿಲ್ಲದಿದ್ದರೆ ದುರ್ಬೀನಿನ ಅಂಚು ಹುಬ್ಬನ್ನು ಸೀಳುವುದುಂಟು. ಕನ್ನಡಕ ಹಾಕುವವರಿಗೆ ಈ ಅಂತರ ಇನ್ನೂ ಅಗತ್ಯ. ಗಾಜಿನ ಮೇಲಿನ ಲೇಪವನ್ನೂ ವಿಚಾರಿಸಬೇಕು. ಬರಿಯ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಂಶವನ್ನು ಪ್ರತಿ ಮೈಯಲ್ಲೂ ಹಿಂದಕ್ಕೆ ಎಸೆಯುತ್ತದೆ. ಹಲವು ಗಾಜುಗಳಿರುವ ದುರ್ಬೀನಿನಲ್ಲಿ ಈ ಸೋರಿಕೆ ಸಣ್ಣದಲ್ಲ. ಇದನ್ನು ತಡೆಯುವ ಲೇಪವನ್ನು 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಕಂಡುಹಿಡಿದರು. ಎಲ್ಲ ಗಾಜುಗಳ ಎಲ್ಲ ಮೈಗಳಿಗೂ ಹಲವು ಪದರ ಲೇಪವಿರುವುದು ಉತ್ತಮ. ಬರಿದೆ 'ಲೇಪವುಂಟು' ಎಂದಿದ್ದರೆ ಯಾವ ಗಾಜಿಗೆ ಎಂದು ಕೇಳಬೇಕು. ಬಿಸಿ ಚಹಾ ಕುಡಿಯುವಾಗ ಕನ್ನಡಕ ಮಂಜಾಗುವಂತೆ ದುರ್ಬೀನಿನ ಒಳಗೂ ಮಂಜು ಕಟ್ಟುತ್ತದೆ. ಅದಕ್ಕೇ ಒಳಗಿನ ತೇವದ ಗಾಳಿಯನ್ನು ತೆಗೆದು ನೈಟ್ರೋಜನ್ ತುಂಬಿ ಬಿಗಿದಿರುತ್ತಾರೆ.

ಇನ್ನೊಂದು ತೊಡಕು ಇದೆ. ಗೋಡೆಯ ಗಡಿಯಾರವನ್ನು ಓರೆಯಿಂದ ನೋಡಿದರೆ ಮುಳ್ಳು ಒಂದೆರಡು ನಿಮಿಷ ಸರಿದಂತೆ ಕಾಣುವುದಿಲ್ಲವೇ? ದುರ್ಬೀನಿನಲ್ಲೂ ಹಾಗೆಯೇ ತಲೆ ಸರಿದಾಗ ಒಳಗಿನ ಗುರಿಗೆರೆ ಗುರಿಯ ಮೇಲಿಂದ ಸರಿದಂತೆ ತೋರುವುದುಂಟು. ಒಂದು ಗೊತ್ತಾದ ದೂರದಲ್ಲಿ ಈ ದೋಷ ಇಲ್ಲದಂತೆ ದುರ್ಬೀನನ್ನು ಹೊಂದಿಸಿರುತ್ತಾರೆ: ಬೇಟೆಯ ರೈಫಲಿನದಕ್ಕೆ ಸಾಮಾನ್ಯವಾಗಿ ನೂರು ಗಜ ಅಥವಾ ಅದಕ್ಕೂ ಹೆಚ್ಚು, ಹತ್ತಿರದ ಗುರಿಯ ಹಗುರ ಬಂದೂಕಿನದಕ್ಕೆ ಐವತ್ತರ ಆಸುಪಾಸು. ಒಂದರದನ್ನು ಇನ್ನೊಂದಕ್ಕೆ ಕಟ್ಟಿದರೆ ಹೊಂದಾಣಿಕೆ ತಪ್ಪುತ್ತದೆ.

ಗುರಿಯನ್ನು ಸರಿಪಡಿಸುವ ತಿರುಪುಗಳು ಟಿಕ್ ಟಿಕ್ ಎಂದು ತಿರುಗುತ್ತವೆ. ಬಹಳ ದುರ್ಬೀನುಗಳಲ್ಲಿ ಒಂದು ಟಿಕ್ಕಿಗೆ ನೂರು ಗಜದಲ್ಲಿ ಸುಮಾರು ಕಾಲು ಅಂಗುಲ ಸರಿಯುತ್ತದೆ. ಗುಂಡು ಮೂರು ಅಂಗುಲ ಕೆಳಗೆ ಬಿದ್ದರೆ 12 ಟಿಕ್ಕು. ಅದೇ ಮೂರು ಅಂಗುಲದ ತಪ್ಪು 25 ಗಜದಲ್ಲಿ ಕಂಡರೆ? ದೂರ ಕಾಲುಭಾಗವಾದ್ದರಿಂದ ಟಿಕ್ಕಿನ ಬೆಲೆಯೂ ಕಾಲುಭಾಗ. 48 ಟಿಕ್ಕು ಬೇಕು. ತ್ರೈರಾಶಿಕ ಕಲಿಯುವ ಮಕ್ಕಳಿಗೆ ತಂದೆತಾಯಂದಿರು ಈ ಲೆಕ್ಕ ಕೊಟ್ಟು ನೋಡಬಹುದು.

ಇಷ್ಟೆಲ್ಲ ಬಂದೂಕಿನ ಮಾತಾಯಿತು. ಅಡ್ಡಬಿಲ್ಲಿನ ಮಾತಿಗೆ ಬಂದರೆ ನಮ್ಮ ಹಿರಿಯರ ಪ್ರಶ್ನೆಗೆ ನಿಜವಾದ ಉತ್ತರ ಸಿಗುತ್ತದೆ. ಅಡ್ಡಬಿಲ್ಲು ಎಂದರೆ ಬಂದೂಕಿನಂಥ ಮರದ ದಿಂಡಿನ ಮೇಲೆ ಬಿಲ್ಲನ್ನು ಅಡ್ಡಲಾಗಿ ಕೂರಿಸಿ, ಹೆದೆಯನ್ನು ಎಳೆದು ಸಿಕ್ಕಿಸಿ, ಕುದುರೆ ಒತ್ತಿ ಗಿಡ್ಡ ಬಾಣವನ್ನು ಬಿಡುವ ಸಾಧನ. ಅದರ ಬಾಣ ಸೆಕೆಂಡಿಗೆ 300 ಅಡಿ ಹೋಗುತ್ತದೆ ಎಂದು ಹಿಡಿಯೋಣ. ಕೇಳಲು ವೇಗವೇ, ಆದರೆ ರೈಫಲಿನ ಗುಂಡು ಸೆಕೆಂಡಿಗೆ 2,800 ಅಡಿಯಷ್ಟು ಹೋಗುತ್ತದೆ. 20 ಗಜ, ಅಂದರೆ 60 ಅಡಿ ಮುಟ್ಟಲು ಬಾಣಕ್ಕೆ ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಅಷ್ಟರಲ್ಲಿ ಭೂಮಿ ಅದನ್ನು ಸುಮಾರು 8 ಅಂಗುಲ ಕೆಳಗೆ ಸೆಳೆದಿರುತ್ತದೆ. 40 ಗಜಕ್ಕೆ ಎರಡು ಪಟ್ಟು ಹೊತ್ತು, ಆದರೆ ಬೀಳುವುದು ನಾಲ್ಕು ಪಟ್ಟು: ಎರಡೂವರೆ ಅಡಿ! 60 ಗಜಕ್ಕೆ ಆಳೆತ್ತರದಷ್ಟು ಬೀಳುತ್ತದೆ. ಗಾಳಿಯ ತಡೆಯನ್ನು ಸೇರಿಸಿದರೆ ಇನ್ನೂ ಹೆಚ್ಚು. ಅಡ್ಡಬಿಲ್ಲಿನ ದುರ್ಬೀನಿನೊಳಗೆ ಒಂದರ ಕೆಳಗೊಂದು ನಾಲ್ಕಾರು ಗೆರೆಗಳಿರುವುದು ಇದಕ್ಕಾಗಿ: ಮೇಲಿನದು 20 ಗಜಕ್ಕೆ, ಅದರ ಕೆಳಗಿನವು 30, 40, 50 ಗಜಗಳಿಗೆ. ನಮ್ಮ ಬಾಣದ ವೇಗಕ್ಕೆ ಆ ಗೆರೆಗಳನ್ನು ಹೊಂದಿಸಿಕೊಳ್ಳುವ ಬಳೆಯೂ ಅನೇಕ ದುರ್ಬೀನುಗಳಲ್ಲಿ ಇರುತ್ತದೆ. ಆದರೆ ದೂರವನ್ನು ಮೂವತ್ತೋ ನಲವತ್ತೋ ಎಂದು ತಪ್ಪಾಗಿ ಅಂದಾಜು ಮಾಡಿದವನಿಗೆ ಯಾವ ಗೆರೆಯೂ ಸಹಾಯಕ್ಕೆ ಬರುವುದಿಲ್ಲ. ದೊಡ್ಡ ತಪ್ಪು ಅಲ್ಲೇ ಆಗಿಹೋಗಿರುತ್ತದೆ.

ಇದಕ್ಕಿಂತ ದೊಡ್ಡ ಮಾತೊಂದುಂಟು. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,100 ಅಡಿ. ರೈಫಲಿನ ಗುಂಡು ತನ್ನ ಸದ್ದಿಗಿಂತ ಮೊದಲೇ ಜಿಂಕೆಯನ್ನು ಮುಟ್ಟುತ್ತದೆ. ಅಡ್ಡಬಿಲ್ಲಿನಲ್ಲಿ ಹಾಗಲ್ಲ, 40 ಗಜದಾಚೆಯ ಜಿಂಕೆಗೆ ಹೆದೆಯ ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಕೇಳಿಸುತ್ತದೆ, ಬಾಣ ಬರುವುದು ಹತ್ತರಲ್ಲಿ ನಾಲ್ಕು ಭಾಗ ಕಳೆದಮೇಲೆ. ನಡುವಿನ ಆ ಚೂರು ಹೊತ್ತಿನಲ್ಲಿ ಬೆಚ್ಚಿದ ಜಿಂಕೆ ನೆಗೆಯಲೆಂದು ಮೈಯನ್ನು ಕುಗ್ಗಿಸುತ್ತದೆ. ಎದೆಗೆ ಬೀಳಬೇಕಾದ ಬಾಣ ಬೆನ್ನಿಗೋ ಹೊಟ್ಟೆಗೋ ಬೀಳುತ್ತದೆ. ಪ್ರಾಣಿ ಸಾಯುವುದಿಲ್ಲ, ಬದುಕುವುದೂ ಇಲ್ಲ. ಬಾಣವನ್ನು ಮೈಯಲ್ಲಿಟ್ಟುಕೊಂಡು ಕಾಡಿನೊಳಗೆ ಓಡುತ್ತದೆ. ಒಂದೇ ಏಟಿಗೆ ಕೊಲ್ಲಬೇಕು, ಇಲ್ಲವೇ ಬಾಣ ಬಿಡಬಾರದು ಎಂಬುದು ಅಲ್ಲಿಯ ಮಾನವಂತ ಬೇಟೆಗಾರರ ಧರ್ಮ. ಆದ್ದರಿಂದಲೇ ಅನುಭವಿಗಳು ಅಡ್ಡಬಿಲ್ಲನ್ನು ನಲವತ್ತು ಗಜದ ಆಸುಪಾಸಿಗೇ ನಿಲ್ಲಿಸುತ್ತಾರೆ. ಅಷ್ಟು ದೂರಕ್ಕೆ ನಾಲ್ಕು ಪಟ್ಟು ಧಾರಾಳ. ಒಂಬತ್ತು ಪಟ್ಟಿನ ದುರ್ಬೀನು ಎಂಬತ್ತು ಗಜದಾಚೆಯ ಜಿಂಕೆಯನ್ನು ಅಂಗಳದಲ್ಲಿ ಕಟ್ಟಿದ ಕರುವಿನಂತೆ ತೋರಿಸಿ ಕೈಗೆ ಆಸೆ ಹುಟ್ಟಿಸುತ್ತದೆ. ಗಾಜು ಜಿಂಕೆಯನ್ನು ಕಣ್ಣಿಗೆ ಹತ್ತಿರ ತರುತ್ತದೆ. ಬಾಣಕ್ಕೆ ಅದು ಇದ್ದಲ್ಲೇ ಇರುತ್ತದೆ. ನಾಲ್ಕು ಪಟ್ಟಿನದನ್ನು ಯಾವ ಬುದ್ಧಿವಂತ ಕೊಂಡಾನು ಎಂಬ ಪ್ರಶ್ನೆಗೆ ಉತ್ತರ ಇದೇ: ತನ್ನ ಬಾಣದ ಅಳತೆ ಬಲ್ಲ ಬುದ್ಧಿವಂತ.

ಮನುಷ್ಯಪ್ರಾಣದ ಮಾತೂ ಇದರಲ್ಲಿ ಸೇರಿದೆ. ಬಂದೂಕಿನ ಮೇಲಿನ ದುರ್ಬೀನು ನೋಡುವ ಕಡೆಗೇ ನಳಿಗೆಯೂ ನೋಡುತ್ತದೆ. ಪೊದೆಯಲ್ಲಿ ಅಲುಗಿದ್ದು ಏನೆಂದು ತಿಳಿಯಲು ಬಂದೂಕನ್ನೇ ಎತ್ತಿದರೆ, ಅಲ್ಲಿರುವುದು ಇನ್ನೊಬ್ಬ ಬೇಟೆಗಾರನಾದರೆ, ತುಂಬಿದ ಬಂದೂಕನ್ನು ಮನುಷ್ಯನ ಎದೆಗೆ ಹಿಡಿದಂತಾಯಿತು. ನೋಡಲು ಜೋಡುಗಣ್ಣಿನ ದುರ್ಬೀನು, ಗುರಿಯಿಡಲು ಮಾತ್ರ ಬಂದೂಕಿನ ದುರ್ಬೀನು ಎಂದು ಅಲ್ಲಿಯ ಬೇಟೆಯ ತರಗತಿಗಳಲ್ಲಿ ಹೊಸಬರಿಗೆ ಕಲಿಸುತ್ತಾರೆ. ಕಿತ್ತಳೆ ಅಂಗಿಯ ಗುಟ್ಟೂ ಇದೇ: ಮನುಷ್ಯ ಮನುಷ್ಯನಂತೆ ಕಾಣಲೆಂದು. ಅಂಥ ಊರುಗಳಲ್ಲಿರುವ ನಮ್ಮ ಮಕ್ಕಳು, ಬೇಟೆಯ ದಿನಗಳಲ್ಲಿ ಕಾಡಿನ ದಾರಿಯಲ್ಲಿ ತಿರುಗಾಡುವುದಾದರೆ, ತಾವು ಬೇಟೆಗಾರರಲ್ಲದಿದ್ದರೂ ಆ ಬಣ್ಣವನ್ನು ತೊಡುವುದು ಮೇಲು. ಅವರಿಗೆ ಬರೆಯುವಾಗ ಈ ಒಂದು ಸಾಲು ಸೇರಿಸಿರೆಂದು ತಾಯಂದಿರಲ್ಲಿ ನಮ್ಮ ಬಿನ್ನಹ.

ದುರ್ಬೀನಿದ್ದರೇ ಗುರಿ ಎಂದು ಯಾರೂ ತಿಳಿಯಬೇಕಾಗಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರು ಗಾಳಿಬಂದೂಕಿನ ಸ್ಪರ್ಧೆಯಲ್ಲಿ ಬಂದೂಕಿಗೆ ದುರ್ಬೀನು ಕಟ್ಟುವುದು ನಿಷಿದ್ಧ. ನಡುವಿನ ಹತ್ತಂಕದ ಚುಕ್ಕೆ ಅರ್ಧ ಮಿಲಿಮೀಟರು ಮಾತ್ರ. ಸಣ್ಣ ತೂತಿನ ಮೂಲಕ ನೋಡಿ, ಉಸಿರು ಹಿಡಿದು, ಅದಕ್ಕೆ ಹೊಡೆಯಬೇಕು.

ನಮಗೆ ಇಲ್ಲಿ ಈ ವಿದ್ಯೆಯಿಂದ ಏನು ಪ್ರಯೋಜನವೆಂದರೆ, ಜೋಡುಗಣ್ಣಿನ ದುರ್ಬೀನಿಗೂ ಇದೇ ಭಾಗಾಕಾರ. ಮುಂಬಯಿಯವರು ಕರ್ನಾಳಾಕ್ಕೆ, ಪುಣೆಯವರು ಭಿಗವಣಕ್ಕೆ, ಮದರಾಸಿನವರು ವೇಡಂತಾಂಗಲ್‌ಗೆ, ರಜೆಗೆ ಊರಿಗೆ ಹೋದವರು ರಂಗನತಿಟ್ಟಿಗೆ ಹಕ್ಕಿ ನೋಡಲು ಹೋಗುವುದಾದರೆ 8×42 ಸಾಕು. 42ನ್ನು 8ರಿಂದ ಭಾಗಿಸಿದರೆ ಐದಕ್ಕೂ ಮೇಲೆ, ಮುಂಜಾವಿನ ಬೆಳಕಿಗೂ ಒಗ್ಗುತ್ತದೆ, ಮಕ್ಕಳ ಕೈಯಲ್ಲಿ ಹೆಚ್ಚು ನಡುಗುವುದೂ ಇಲ್ಲ. ರಸ್ತೆಬದಿಯಲ್ಲಿ 'ಐವತ್ತು ಪಟ್ಟು' ಎಂದು ಕೂಗಿ ಮಾರುವವನ ಮುಂದೆ ನಿಂತಾಗ, ಮುಂದಿನ ಗಾಜಿನ ಅಳತೆ ಎಷ್ಟಪ್ಪಾ ಎಂದು ಒಂದು ಮಾತು ಕೇಳಿ, ಮನಸ್ಸಿನಲ್ಲೇ ಭಾಗಿಸಿ, ಆಮೇಲೆ ಕಿಸೆಗೆ ಕೈಹಾಕಿ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಕೊಡೆಗಳ ವಿಚಾರ.